ಬಾಯಿಲೆಕ್ಕ

ಹಾಸನ, 25 ಅಕ್ಟೋಬರ್ 2024, ಶುಕ್ರವಾರ

ಹಾಸನಾಂಬೆಯ ಬಾಗಿಲು ನಿನ್ನೆ ತೆರೆದಿದೆ. ದರ್ಶನಕ್ಕೆಂದು ಹೊಳೆನರಸೀಪುರದಿಂದ ಬಂದ ಚಿಕ್ಕಮ್ಮನ ಮನೆಯವರು ನಡುಮನೆಯಲ್ಲಿ ತಿಂಡಿಗೆ ಕುಳಿತಿದ್ದಾಗಲೇ ಅಪ್ಪನ ಫೋನು ಬಡಿದುಕೊಂಡಿತು. ಕಿವಿ ಮಂದವಾದಾಗಿನಿಂದ ಅಪ್ಪ ಎಲ್ಲ ಕರೆಗಳನ್ನೂ ಸ್ಪೀಕರಿಗೆ ಹಾಕಿಯೇ ಮಾತನಾಡುವುದರಿಂದ, ಮೂರು ತಿಂಗಳಿಂದ ನಾನು ತಾರಸಿಯ ಮೂಲೆಯಲ್ಲಿ ನಿಂತು ಗುಟ್ಟಾಗಿ ಕೇಳಿಸಿಕೊಳ್ಳುತ್ತಿದ್ದ ದನಿಯನ್ನು ಇವತ್ತು ಮನೆಮಂದಿಯೆಲ್ಲ ಕೇಳಿದರು.

"ನಿಮ್ಮ ಮಗ ಅಮೆರಿಕದಲ್ಲಿ ಸಾಲ ಮಾಡಿ ಓಡಿ ಬಂದಿದ್ದಾನೆ. 51 ಲಕ್ಷ ಬಾಕಿ ಇದೆ. ಸಂಜೆಯೊಳಗೆ ಐದು ಸಾವಿರವಾದರೂ ಹಾಕಿಸಿ, ಇಲ್ಲಾಂದ್ರೆ ಪಾಸ್‌ಪೋರ್ಟ್ ರದ್ದಾಗುತ್ತೆ, ಪೊಲೀಸರು ಮನೆಗೆ ಬರ್ತಾರೆ."

ಚಿಕ್ಕಮ್ಮನ ಕೈಯಲ್ಲಿದ್ದ ಇಡ್ಲಿಯ ಚೂರು ಚಟ್ನಿ ಬಟ್ಟಲಿನ ಮೇಲೇ ನಿಂತಿತು. ಹೈಸ್ಕೂಲಿನಲ್ಲಿ ಗಣಿತ ಮೇಷ್ಟರಾಗಿ ನಿವೃತ್ತರಾದ ಅಪ್ಪ ಮಾತ್ರ ಲೋಟವನ್ನು ಕೆಳಗಿಟ್ಟು ಹೇಳಿದರು: "ಎಷ್ಟು ಸಾಲ, ಯಾರಿಗೆ ಕೊಡಬೇಕು, ಕಾಗದದಲ್ಲಿ ಬರೆದು ಕಳಿಸಪ್ಪ. ಬಾಯಿಲೆಕ್ಕಕ್ಕೆ ನಾನು ಮಾರ್ಕ್ಸ್ ಕೊಡೋನಲ್ಲ."

ಸಾಲ ಸುಳ್ಳಲ್ಲ. 2018ರ ಆಗಸ್ಟಿನಲ್ಲಿ ಎಂ.ಎಸ್. ಓದಲು ಹೊರಟಾಗ, ಜಾಮೀನುದಾರರನ್ನೇ ಕೇಳದ ಅಲ್ಲಿನ ಒಂದು ಸಂಸ್ಥೆಯಿಂದ 32,000 ಡಾಲರ್ ಪಡೆದಿದ್ದೆ. ಡಾಲರಿಗೆ ಆಗ ಸುಮಾರು 70 ರೂಪಾಯಿ; ಇಂದು 84. ಹಾಗಾಗಿ ಒಂದು ಪೈಸೆ ಬಡ್ಡಿ ಸೇರದಿದ್ದರೂ ರೂಪಾಯಿಯಲ್ಲಿ ಸಂಪಾದಿಸುವವನ ತಲೆಯ ಮೇಲೆ ನಾಲ್ಕೂವರೆ ಲಕ್ಷದಷ್ಟು ಹೊರೆ ತಾನಾಗಿಯೇ ಏರಿದೆ. 2020ರಲ್ಲಿ ಓದು ಮುಗಿದಾಗ ಕೋವಿಡ್ ಬಂದಿತ್ತು; ಓದಿನ ನಂತರ ಕೆಲಸವಿಲ್ಲದೆ ಒಟ್ಟು 90 ದಿನಗಳಷ್ಟೇ ಉಳಿಯಬಹುದೆಂಬ ವೀಸಾ ನಿಯಮದ ಗಡುವು ತೀರಿ ಹಿಂದಿರುಗಿದೆ. ಕಂತು ಕಟ್ಟಿದ್ದು 2022ರ ಮಾರ್ಚ್‌ವರೆಗೆ. ಆಮೇಲೆ ಅವರ ಮಿಂಚಂಚೆಗಳನ್ನು ತೆರೆಯುವುದನ್ನೇ ಬಿಟ್ಟೆ. ಅದು ನನ್ನದೇ ತಪ್ಪು.

ಮಧ್ಯಾಹ್ನ ದರ್ಶನದ ಜನಜಂಗುಳಿಯನ್ನು ತಪ್ಪಿಸಿಕೊಂಡು, ಅಪ್ಪನ ಹಳೆಯ ವಿದ್ಯಾರ್ಥಿಯಾದ ವಕೀಲರೊಬ್ಬರ ಕಚೇರಿಗೆ ಹೋದೆವು. ಸಾಲ ತೀರಿಸದಿರುವುದು ಸಿವಿಲ್ ವ್ಯಾಜ್ಯವೆಂದೂ, ಪಾಸ್‌ಪೋರ್ಟನ್ನು ಮುಟ್ಟುಗೋಲು ಹಾಕುವ ಅಧಿಕಾರ 1967ರ ಕಾಯ್ದೆಯ ಪ್ರಕಾರ ಪಾಸ್‌ಪೋರ್ಟ್ ಪ್ರಾಧಿಕಾರದ್ದೇ ಹೊರತು ವಸೂಲಿಗಾರನದ್ದಲ್ಲವೆಂದೂ, ಸಹಿಯನ್ನೇ ಹಾಕದ ಅಪ್ಪ ಈ ಸಾಲಕ್ಕೆ ಹೊಣೆಯಲ್ಲವೆಂದೂ ಅವರು ಮೊದಲೇ ಹೇಳಿಬಿಟ್ಟರು. ಸಿವಿಲ್ ಪ್ರಕ್ರಿಯಾ ಸಂಹಿತೆಯ 44ಎ ಕಲಮಿನಡಿ ಬ್ರಿಟನ್ನಿನ ಉನ್ನತ ನ್ಯಾಯಾಲಯದ ಡಿಕ್ರಿಯನ್ನು ಇಲ್ಲಿನ ಜಿಲ್ಲಾ ನ್ಯಾಯಾಲಯದಲ್ಲಿ ನೇರವಾಗಿ ಜಾರಿ ಮಾಡಿಸಬಹುದಂತೆ. ಹೀಗೆ ನೇರ ಜಾರಿಗೆ ಅವಕಾಶವಿರುವ ದೇಶಗಳ ಪಟ್ಟಿಯಲ್ಲಿ ಅಮೆರಿಕ ಇಲ್ಲವಾದ್ದರಿಂದ, ಅಲ್ಲಿ ತೀರ್ಪು ಪಡೆದವರೂ ಅದರ ಆಧಾರದ ಮೇಲೆ ಇಲ್ಲಿ ಹೊಸದಾಗಿ ದಾವೆ ಹೂಡಬೇಕು.

ಐದು ಸಾವಿರದ ಗುಟ್ಟು ನನಗೆ ತಿಳಿದದ್ದು ಆಮೇಲೆ. ವಿದೇಶದಲ್ಲಿ ಮಾಡಿಕೊಂಡ ಒಪ್ಪಂದವಾದರೂ ದಾವೆ ಇಲ್ಲಿ ಹೂಡಿದರೆ 1963ರ ಕಾಲಮಿತಿ ಕಾಯ್ದೆಯೇ ಅನ್ವಯಿಸುತ್ತದೆ, ಸಾಲದ ದಾವೆ ಹೂಡಲು ಗಡುವು ಸಾಮಾನ್ಯವಾಗಿ ಮೂರು ವರ್ಷ. ಎಣಿಕೆ ಯಾವ ದಿನದಿಂದ ಎಂಬುದು ಒಪ್ಪಂದದ ಷರತ್ತುಗಳನ್ನು ಓದದೆ ಹೇಳಲಾಗದು. ಆದರೆ ಅವಧಿ ಮುಗಿಯುವ ಮೊದಲೇ ಬಾಕಿಯನ್ನು ಒಪ್ಪಿ ಸಹಿ ಮಾಡಿದರೆ, ಅಥವಾ ಸಹಿಯ ದಾಖಲೆಯೊಂದಿಗೆ ಒಂದಿಷ್ಟು ಕಟ್ಟಿದರೆ, 18 ಮತ್ತು 19ನೇ ಕಲಮುಗಳ ಪ್ರಕಾರ ಎಣಿಕೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ. (ಆದಕಾರಣ ಈ ಪುಟದಲ್ಲಿ ಸಂಸ್ಥೆಯ ಹೆಸರೂ ಇಲ್ಲ, ಕೆಳಗೆ ನನ್ನ ಸಹಿಯೂ ಇಲ್ಲ.) ದಿನ ನೂಕಿದರೆ ಪಾರಾಗಬಹುದೇನೋ ಎಂಬ ಆಸೆ ಒಂದು ಕ್ಷಣ ಮೂಡಿದ್ದನ್ನು ಮುಚ್ಚಿಡುವುದಿಲ್ಲ, ಪಕ್ಕದಲ್ಲಿ ಕುಳಿತಿದ್ದ ಅಪ್ಪನ ಮುಖ ನೋಡಿದ ಮೇಲೆ ಅದನ್ನು ಬಾಯಿಬಿಟ್ಟು ಹೇಳಲಾಗಲಿಲ್ಲ.

ಸಂಜೆ ಮೂಲ ಸಂಸ್ಥೆಗೇ ಪತ್ರ ಕಳಿಸಿದೆ. ವಕೀಲರು ತಿದ್ದಿಕೊಟ್ಟ ಪ್ರಕಾರ ಬಾಕಿಯನ್ನು ಒಪ್ಪುವ ಮಾತು ಒಂದೂ ಅದರಲ್ಲಿಲ್ಲ: ಸಾಲ ಈಗ ಯಾರ ಕೈಯಲ್ಲಿದೆ, ಕರೆ ಮಾಡುವವನಿಗೆ ಅಧಿಕಾರಪತ್ರ ಕೊಟ್ಟವರು ಯಾರು, ಅಸಲೆಷ್ಟು, ಬಡ್ಡಿಯೆಷ್ಟು, ದಂಡವೆಷ್ಟು ಎಂಬುದನ್ನು ಬರವಣಿಗೆಯಲ್ಲಿ ತಿಳಿಸಬೇಕು, ನನ್ನ ತಂದೆಗೆ ಇನ್ನು ಕರೆ ಮಾಡಬಾರದು. ಅವರದೇ ಕಳೆದ ತಿಂಗಳ ಮಿಂಚಂಚೆಯನ್ನು ಇವತ್ತು ಧೈರ್ಯ ಮಾಡಿ ತೆರೆದರೆ ಅಲ್ಲಿದ್ದದ್ದು 41,600 ಡಾಲರ್, ಅಂದರೆ 35 ಲಕ್ಷಕ್ಕೆ ತುಸು ಕಡಿಮೆ. ಫೋನಿನವನ 51 ಲಕ್ಷದಲ್ಲಿ ಉಳಿದ 16 ಲಕ್ಷ ಎಲ್ಲಿಂದ ಹುಟ್ಟಿತೋ ಅವನೇ ಹೇಳಬೇಕು.

ರಾತ್ರಿ ನೆಂಟರು ಮಲಗಿದ ಮೇಲೆ ಅಪ್ಪ, "ತಿಂಗಳಿಗೆ ನಿನ್ನಿಂದ ಎಷ್ಟು ಕೊಡೋಕಾಗುತ್ತೆ?" ಎಂದು ಕೇಳಿದರು. 15,000 ಎಂದೆ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಭಾಗಿಸಿ ತೋರಿಸಿದೆ: ಬಡ್ಡಿ ನಿಂತರೂ 233 ತಿಂಗಳು. ಅಪ್ಪ ಕನ್ನಡಕ ಏರಿಸಿಕೊಂಡು ಲೆಕ್ಕವನ್ನು ಮತ್ತೊಮ್ಮೆ ತಾವೇ ಮಾಡಿ ನೋಡಿ, ಉತ್ತರದ ಪಕ್ಕದಲ್ಲಿ ಕೆಂಪು ಪೆನ್ನಿನಿಂದ ಸರಿ ಗುರುತು ಹಾಕಿದರು.