ಒಂದೇ ಶಾಯಿಯ ಕುದುರೆ, ಒಂದೇ ಶಾಯಿಯ ಸೈಕಲ್ಲು: ಆರ್ಥರ್ ರಾಜನ ಕಾಲಕ್ಕೆ ಹೋದವನ ಚಿತ್ರಗಳು

ಇಂಗ್ಲೆಂಡಿನ ಐತಿಹ್ಯದ ಆರ್ಥರ್ ರಾಜನ ಆಸ್ಥಾನಕ್ಕೆ ಆಧುನಿಕ ಕಾಲದ ಮನುಷ್ಯನೊಬ್ಬ ಹೋಗಿ ಬೀಳುವ ಕಥೆಯನ್ನು ಚಲನಚಿತ್ರಗಳು, ಕಾರ್ಟೂನುಗಳು, ಟಿವಿ ಧಾರಾವಾಹಿಗಳು ಮತ್ತೆ ಮತ್ತೆ ಹೇಳಿವೆ. ಅವುಗಳಲ್ಲಿ ನನಗೆ ಹೆಚ್ಚು ಆಸಕ್ತಿಯಿರುವುದು ಕೈಯಿಂದ ಬರೆದು ಚಲನೆ ಕೊಟ್ಟ ಹಳೆಯ ಚಿತ್ರಗಳಲ್ಲಿ. ಸೆಲ್ ಎಂಬ ಪಾರದರ್ಶಕ ಹಾಳೆಗಳ ಮೇಲೆ ಬಣ್ಣ ತುಂಬಿ, ಒಂದೊಂದು ಚೌಕಟ್ಟನ್ನೂ ಕ್ಯಾಮೆರಾದ ಕೆಳಗಿಟ್ಟು ತೆಗೆದ, ಇಂದು ಬಹಳ ಮಂದಿ ಹೆಸರನ್ನೂ ಕೇಳಿರದ ಚಿತ್ರಗಳಲ್ಲಿ. ಎರಡು ಕಾಲಗಳನ್ನು ಎದುರುಬದುರಾಗಿ ನಿಲ್ಲಿಸುವ ಕಥೆಯೊಂದು ಬರೆದ ಗೆರೆಯ ಕೈಗೆ ಸಿಕ್ಕಾಗ ಏನನ್ನು ಗಳಿಸುತ್ತದೆ, ಏನನ್ನು ಕಳೆದುಕೊಳ್ಳುತ್ತದೆ ಎಂಬ ಪ್ರಶ್ನೆ ನನ್ನನ್ನು ಬಹುಕಾಲದಿಂದ ಕಾಡಿದೆ.

ಈ ಕಥೆಗಳೆಲ್ಲದರ ಬೇರು ಅಮೆರಿಕದ ಲೇಖಕ ಮಾರ್ಕ್ ಟ್ವೈನ್ 1889ರಲ್ಲಿ ಪ್ರಕಟಿಸಿದ ‘ಎ ಕನೆಕ್ಟಿಕಟ್ ಯಾಂಕಿ ಇನ್ ಕಿಂಗ್ ಆರ್ಥರ್ಸ್ ಕೋರ್ಟ್’ ಕಾದಂಬರಿಯಲ್ಲಿದೆ. ಎಚ್. ಜಿ. ವೆಲ್ಸ್ ಅವರ ಕಾಲಯಂತ್ರ ಬಂದದ್ದು 1895ರಲ್ಲಿ. ಟ್ವೈನ್ ಅವರ ಕಥೆಯಲ್ಲಿ ಯಂತ್ರವೇ ಇಲ್ಲ. ಹಾರ್ಟ್‌ಫರ್ಡ್ ನಗರದ ಬಂದೂಕು ಕಾರ್ಖಾನೆಯಲ್ಲಿ ಮೇಲ್ವಿಚಾರಕನಾದ ಹ್ಯಾಂಕ್ ಮಾರ್ಗನ್ ಕೆಲಸಗಾರನೊಬ್ಬನೊಡನೆ ಜಗಳವಾಡಿ, ತಲೆಗೆ ಹಾರೆಕೋಲಿನ ಏಟು ತಿಂದು ಮೂರ್ಛೆ ಹೋಗುತ್ತಾನೆ. ಕಣ್ಣು ತೆರೆದಾಗ ಅವನು ಕ್ರಿ.ಶ. 528ರ ಇಂಗ್ಲೆಂಡಿನಲ್ಲಿ, ಒಂದು ಓಕ್ ಮರದ ಕೆಳಗೆ ಕುಳಿತಿರುತ್ತಾನೆ. ಸರ್ ಕೇ ಎಂಬ ನೈಟ್, ಅಂದರೆ ಕುದುರೆಯೇರಿದ ಕವಚಧಾರಿ ಯೋಧ, ಅವನನ್ನು ಸೆರೆಹಿಡಿದು ಆರ್ಥರನ ರಾಜಧಾನಿ ಕ್ಯಾಮೆಲಾಟಿಗೆ ಎಳೆದೊಯ್ಯುತ್ತಾನೆ. ಆಸ್ಥಾನವು ಅವನನ್ನು ಕಂಬಕ್ಕೆ ಕಟ್ಟಿ ಸುಡುವಂತೆ ತೀರ್ಪು ಕೊಡುತ್ತದೆ. ಆ ವರ್ಷದ ಜೂನ್ 21ರಂದು ಪೂರ್ಣ ಸೂರ್ಯಗ್ರಹಣವಿತ್ತೆಂಬುದನ್ನು ನೆನಪಿಟ್ಟುಕೊಂಡಿದ್ದ ಹ್ಯಾಂಕ್, ಸೂರ್ಯನನ್ನೇ ಆರಿಸಿಬಿಡುತ್ತೇನೆಂದು ಬೆದರಿಸಿ ಬದುಕಿಕೊಳ್ಳುತ್ತಾನೆ, ಮಾತ್ರವಲ್ಲ, ರಾಜನ ನಂತರದ ಅತ್ಯುನ್ನತ ಅಧಿಕಾರವನ್ನೂ ಪಡೆಯುತ್ತಾನೆ. ಅಧಿಕಾರಕ್ಕೆ ಬಂದ ಮೊದಲ ದಿನವೇ ಅವನು ಮಾಡುವ ಮೊದಲ ಸರ್ಕಾರಿ ಕೆಲಸವೆಂದರೆ ಪೇಟೆಂಟ್ ಕಚೇರಿಯನ್ನು ತೆರೆಯುವುದು.

ಗ್ರಹಣದ ಈ ಪ್ರಸಂಗದ ಬಗ್ಗೆ ಒಂದು ಮಾತನ್ನು ಇಲ್ಲೇ ಹೇಳಬೇಕು, ಏಕೆಂದರೆ ಪಂಚಾಂಗ ನೋಡುವ ಅಭ್ಯಾಸವಿರುವ ನಮ್ಮ ಓದುಗರಿಗೆ ಅದು ಸುಲಭವಾಗಿ ಹೊಳೆಯಬಹುದಾದ ಸಂಗತಿ. ಅಮಾವಾಸ್ಯೆಯಿಲ್ಲದೆ ಸೂರ್ಯಗ್ರಹಣವಿಲ್ಲ. ಆಂಗ್ಲೋ-ಸ್ಯಾಕ್ಸನ್ ಕ್ರಾನಿಕಲ್ ಎಂಬ ಹಳೆಯ ವಾರ್ಷಿಕ ದಾಖಲೆಯಲ್ಲಿ 540ರ ಜೂನ್ 20ರ ಸೂರ್ಯಗ್ರಹಣದ ಉಲ್ಲೇಖವಿದೆ. ಅಲ್ಲಿಂದ 148 ಚಾಂದ್ರಮಾಸಗಳಷ್ಟು ಹಿಂದಕ್ಕೆ ಎಣಿಸಿದರೆ 528ರ ಜುಲೈ 2ರ ಆಸುಪಾಸಿಗೆ ಅಮಾವಾಸ್ಯೆ ಬರುತ್ತದೆ. ಹಾಗಾದರೆ ಜೂನ್ 21 ಕೃಷ್ಣಪಕ್ಷದ ಆರಂಭದ ದಿನಗಳಲ್ಲಿ ಬೀಳುತ್ತದೆ. ಆ ದಿನ ಚಂದ್ರನು ಸೂರ್ಯನ ಹತ್ತಿರವೂ ಸುಳಿದಿರಲಾರ. ಗ್ರಹಣವನ್ನು ಟ್ವೈನ್ ತಮ್ಮ ಕಥೆಯ ಅಗತ್ಯಕ್ಕಾಗಿ ಸೃಷ್ಟಿಸಿಕೊಂಡರು. 1504ರಲ್ಲಿ ಜಮೈಕಾದಲ್ಲಿ ಸಿಕ್ಕಿಬಿದ್ದಿದ್ದ ಕೊಲಂಬಸ್ ಚಂದ್ರಗ್ರಹಣವನ್ನು ಮುಂಚಿತವಾಗಿ ಹೇಳಿ ಅಲ್ಲಿನ ಜನರನ್ನು ಹೆದರಿಸಿದ ಘಟನೆ ಅವರ ಮನಸ್ಸಿನಲ್ಲಿತ್ತು. ಹ್ಯಾಂಕ್ ಕೂಡ ಸೆರೆಮನೆಯಲ್ಲಿ ಅದನ್ನೇ ನೆನೆಯುತ್ತಾನೆ. ಚಿತ್ರಕಾರರಿಗೆ ಈ ಪ್ರಸಂಗ ಪ್ರಿಯವಾದದ್ದರಲ್ಲಿ ಆಶ್ಚರ್ಯವಿಲ್ಲ. ಬಿಳಿಯ ವೃತ್ತದ ಮೇಲೆ ಕಪ್ಪು ವೃತ್ತವೊಂದು ಜಾರುತ್ತದೆ, ಬಣ್ಣಗಳು ಒಂದೊಂದಾಗಿ ಮಂಕಾಗುತ್ತವೆ, ಜನಸಮೂಹ ಮೊಣಕಾಲೂರುತ್ತದೆ. ಅನಿಮೇಷನ್ನಿಗೆ ಇಷ್ಟು ಒಗ್ಗುವ ದೃಶ್ಯ ಅಪರೂಪ.

ಈ ಕಥೆಯನ್ನು ಗೆರೆಗಳಲ್ಲಿ ಕಂಡ ಮೊದಲಿಗರು ಸಿನಿಮಾದವರಲ್ಲ. ಕಾದಂಬರಿಯ ಮೊದಲ ಆವೃತ್ತಿಗೆ ಡ್ಯಾನ್ ಬೇರ್ಡ್ ಎಂಬ ಕಲಾವಿದರು ಇನ್ನೂರಕ್ಕೂ ಹೆಚ್ಚು ಚಿತ್ರಗಳನ್ನು ಬರೆದುಕೊಟ್ಟರು. ಮುಂದೆ ಅಮೆರಿಕದ ಬಾಯ್ ಸ್ಕೌಟ್ಸ್ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದ ಬೇರ್ಡ್, ಈ ಚಿತ್ರಗಳಲ್ಲಿ ಮಾಡಿದ್ದು ಪುಸ್ತಕದ ಅಲಂಕಾರವನ್ನಷ್ಟೇ ಅಲ್ಲ. ಅವರು ಬರೆದ, ಆರ್ಥರನ ಆಸ್ಥಾನದ ಮಾಂತ್ರಿಕ ಮೆರ್ಲಿನ್‌ಗೆ ಆಗಿನ್ನೂ ಬದುಕಿದ್ದ ಇಂಗ್ಲೆಂಡಿನ ಆಸ್ಥಾನಕವಿ ಟೆನಿಸನ್ನರ ಮುಖವಿದೆ. ಟೆನಿಸನ್ ದಶಕಗಳ ಕಾಲ ಆರ್ಥರ್ ಕಥೆಯನ್ನು ಉದಾತ್ತ ಕಾವ್ಯವಾಗಿ ಹಾಡಿದವರು. ಅವರನ್ನೇ ಹಳೆಯ ಮೋಡಿಗಾರನನ್ನಾಗಿಸಿದ್ದು ಕಾವ್ಯದ ಮೋಹಕತೆಯ ಮೇಲೆ ಹೂಡಿದ ನೇರ ದಾಳಿ. ಗುಲಾಮರ ಸಾಲಿಗೆ ಚಾಟಿ ಬೀಸುವವನಿಗೆ ಬೇರ್ಡ್ ಕೊಟ್ಟ ಮುಖ ಅಂದಿನ ನ್ಯೂಯಾರ್ಕಿನ ರೈಲ್ವೆ ಬಂಡವಾಳಗಾರ ಜೇ ಗೌಲ್ಡ್ ಅವರದು. ಆರನೆಯ ಶತಮಾನದ ಅನ್ಯಾಯವನ್ನು ಓದುತ್ತಿದ್ದ ಹತ್ತೊಂಬತ್ತನೆಯ ಶತಮಾನದ ಓದುಗ, ಪುಟ ತಿರುಗಿಸಿದೊಡನೆ ತನ್ನ ಊರಿನ ಪತ್ರಿಕೆಯಲ್ಲಿ ದಿನವೂ ಕಾಣುವ ಮುಖವನ್ನೇ ಅಲ್ಲಿ ಕಂಡಿರಬೇಕು.

ಗೆರೆಯ ಶಕ್ತಿ ಏನೆಂದು ನನಗೆ ಮನವರಿಕೆಯಾದದ್ದು ಈ ಚಿತ್ರಗಳಿಂದ. ಮನುಷ್ಯರು ನಟಿಸುವ ಚಿತ್ರದಲ್ಲಿ ಲೋಹದ ಕವಚ ತೊಟ್ಟ ನೈಟ್ ಸೈಕಲ್ ಏರಿ ಬಂದರೆ ನೋಡುವವರಿಗೆ ತಟ್ಟನೆ ಆಘಾತವಾಗುತ್ತದೆ. ಕಾದಂಬರಿಯಲ್ಲಿ ಆರ್ಥರನ ನೈಟರಲ್ಲಿ ಶ್ರೇಷ್ಠನಾದ ಲ್ಯಾನ್ಸಲಾಟ್ ಐನೂರು ನೈಟರೊಂದಿಗೆ ಸೈಕಲ್ಲುಗಳ ಮೇಲೆ ಧಾವಿಸಿ ಬಂದು, ನೇಣಿನ ಮುಂದೆ ನಿಂತ ರಾಜನನ್ನೂ ಹ್ಯಾಂಕನನ್ನೂ ಉಳಿಸುವ ದೃಶ್ಯ ಇಂಥದ್ದೇ. ಕ್ಯಾಮೆರಾದ ಮುಂದೆ ಕವಚ ಕವಚವಾಗಿಯೇ, ಸೈಕಲ್ ಸೈಕಲ್ಲಾಗಿಯೇ ಉಳಿದು, ಎರಡು ಕಾಲಗಳು ಪರಸ್ಪರ ಉಜ್ಜಿಕೊಳ್ಳುತ್ತವೆ. ಬರೆದ ಚಿತ್ರದಲ್ಲಿ ಕುದುರೆಯೂ ಸೈಕಲ್ಲೂ ಒಂದೇ ಶಾಯಿಯಿಂದ, ಒಂದೇ ದಪ್ಪದ ಗೆರೆಯಿಂದ ಹುಟ್ಟುತ್ತವೆ; ಎರಡೂ ಒಂದೇ ಲೋಕಕ್ಕೆ ಸೇರಿದವೆಂದು ಕಣ್ಣು ಒಪ್ಪಿಕೊಂಡುಬಿಡುತ್ತದೆ. ಹೀಗಾಗಿ ಅನಿಮೇಷನ್ನಿನಲ್ಲಿ ಕಾಲಯಾನದ ಬೆರಗು ತಾನಾಗಿ ಹುಟ್ಟುವುದಿಲ್ಲ, ಅದನ್ನು ದುಡಿದು ಗಳಿಸಬೇಕಾಗುತ್ತದೆ. ಬೇರ್ಡ್ ಈ ಸಮಾನತೆಯನ್ನೇ ಆಪಾದನೆಯ ಸಾಧನವಾಗಿಸಿಕೊಂಡರು: ಹಳೆಯ ಕಾಲದ ಚಾಟಿ ಮತ್ತು ಹೊಸ ಕಾಲದ ಮುಖ ಒಂದೇ ಗೆರೆಯಲ್ಲಿ ಕೂಡಿದಾಗ ಎರಡರ ನಡುವಿನ ಹದಿಮೂರು ಶತಮಾನಗಳು ಇಲ್ಲವಾಗುತ್ತವೆ. ನಂತರದ ಅನಿಮೇಷನ್ ಚಿತ್ರಗಳು ಈ ದಾರಿಯಲ್ಲಿ ಮುಂದುವರಿಯಲಿಲ್ಲ ಎಂಬುದು ನನ್ನ ಮುಖ್ಯ ಅಸಮಾಧಾನ.

1970ರಲ್ಲಿ ಸಿಡ್ನಿಯ ಏರ್ ಪ್ರೋಗ್ರಾಮ್ಸ್ ಇಂಟರ್‌ನ್ಯಾಷನಲ್ ಎಂಬ ಸ್ಟುಡಿಯೋ ಈ ಕಾದಂಬರಿಯನ್ನು ಪೂರ್ಣ ಅನಿಮೇಷನ್ ಚಿತ್ರವಾಗಿ ತಯಾರಿಸಿತು. ನಿರ್ದೇಶಕರು ಜೋರನ್ ಯಾನಿಚ್. ಪ್ರಸಿದ್ಧ ಸಾಹಿತ್ಯ ಕೃತಿಗಳನ್ನು ಮಕ್ಕಳಿಗೆ ತಲುಪಿಸಲೆಂದು ಅಮೆರಿಕದ ಸಿಬಿಎಸ್ ವಾಹಿನಿ ನಡೆಸುತ್ತಿದ್ದ ಮಾಲಿಕೆಯಲ್ಲಿ ಅದು ಪ್ರಸಾರವಾಯಿತು. ಟಿವಿಯ ಅಂದಿನ ಸೀಮಿತ ಖರ್ಚಿನಲ್ಲಿ ತಯಾರಾದ ಇಂಥ ಚಿತ್ರಗಳಲ್ಲಿ ಹಿನ್ನೆಲೆ ಸ್ಥಿರವಾಗಿರುತ್ತದೆ, ತುಟಿ ಮತ್ತು ಕೈಗಳಷ್ಟೇ ಆಡುತ್ತವೆ, ನಡಿಗೆಯ ಚಿತ್ರಗಳು ಮರುಬಳಕೆಯಾಗುತ್ತವೆ. ಇದನ್ನು ಬಡತನವೆಂದು ತಳ್ಳಿಹಾಕುವವರನ್ನು ನಾನು ಒಪ್ಪುವುದಿಲ್ಲ. ದೂರದ ಸಿಡ್ನಿಯಲ್ಲಿ ಕುಳಿತು, ಅಮೆರಿಕದ ಲೇಖಕನ ಕಣ್ಣಿನಿಂದ ಇಂಗ್ಲೆಂಡಿನ ಐತಿಹ್ಯವನ್ನು ಬರೆದ ಆ ಕಲಾವಿದರಿಂದಾಗಿ, ಪುಸ್ತಕ ಕೈಗೆ ಸಿಗದ ಎಷ್ಟೋ ಮಕ್ಕಳಿಗೆ ಒಂದು ದೊಡ್ಡ ಕಥೆಯ ಪರಿಚಯವಾಗಿರಲೇಬೇಕು.

ಎಂಟು ವರ್ಷಗಳ ನಂತರ, 1978ರಲ್ಲಿ, ಅಮೆರಿಕದ ಕಾರ್ಟೂನ್ ನಿರ್ದೇಶಕ ಚಕ್ ಜೋನ್ಸ್ ಅದೇ ಕಥೆಗೆ ಬಗ್ಸ್ ಬನ್ನಿಯನ್ನು ಕಳುಹಿಸಿದರು. ಬಿಲ ತೋಡುತ್ತ ದಾರಿ ತಪ್ಪಿದ ಮೊಲ ಕ್ಯಾಮೆಲಾಟಿನಲ್ಲಿ ತಲೆಯೆತ್ತುತ್ತದೆ. ಡ್ಯಾಫಿ ಡಕ್ ರಾಜ ಆರ್ಥರ್, ಯೊಸೆಮಿಟಿ ಸ್ಯಾಮ್ ಮೆರ್ಲಿನ್. ಜೋನ್ಸ್ ಗೆರೆಯ ಮೇಲೆ ಸಾಧಿಸಿದ್ದ ಹಿಡಿತದ ಬಗ್ಗೆ ನನಗೆ ಅಪಾರ ಗೌರವವಿದೆ, ಒಂದು ಹುಬ್ಬಿನ ಏರಿಕೆಯಲ್ಲಿ ಅವರು ಹೇಳುವಷ್ಟನ್ನು ಇತರರು ಇಡೀ ಸಂಭಾಷಣೆಯಲ್ಲಿ ಹೇಳಲಾರರು. ಆದರೆ ಎಲ್ಲರೂ ಪರಿಚಿತ ಕಾರ್ಟೂನ್ ಪಾತ್ರಗಳೇ ಆಗಿಬಿಟ್ಟಾಗ ಹೊರಗಿನಿಂದ ಬಂದವನೆಂಬ ವ್ಯತ್ಯಾಸವೇ ಅಳಿಸಿಹೋಗುತ್ತದೆ. ಅಲ್ಲಿ ಬಗ್ಸ್ ಬನ್ನಿ ಯಾವ ಕಾಲದಲ್ಲಿದ್ದರೂ ಬಗ್ಸ್ ಬನ್ನಿಯೇ; ಕಾಲ ಎಂಬುದು ಅವನ ಹಿಂದಿನ ಪರದೆ.

ಇನ್ನು ಜಪಾನ್. ಆರ್ಥರ್ ಕಥೆಯೊಂದಿಗೆ ಆ ದೇಶದ ನಂಟು ಅಲ್ಲಿನ ಅನಿಮೇಷನ್ನಾದ ಅನಿಮೆಗಿಂತ ಹಳೆಯದು. 1900ರಿಂದ 1902ರವರೆಗೆ ಲಂಡನ್ನಿನಲ್ಲಿ ಓದಿ ಹಿಂದಿರುಗಿದ ಕಾದಂಬರಿಕಾರ ನಾತ್ಸುಮೆ ಸೊಸೆಕಿ 1905ರಲ್ಲಿ ಲ್ಯಾನ್ಸಲಾಟ್, ರಾಣಿ ಗಿನೆವಿಯರ್ ಮತ್ತು ಎಲೈನ್ ಎಂಬ ಕನ್ಯೆಯ ಕಥೆಯನ್ನು ‘ಕೈರೊ-ಕೋ’ ಎಂಬ ಸಣ್ಣ ಕೃತಿಯಾಗಿ ಬರೆದರು. ಕನಸು, ಕನ್ನಡಿ, ಅಂಗಿಯ ತೋಳು, ಪಾಪ, ದೋಣಿ ಎಂದು ಐದು ಭಾಗಗಳಾಗಿ ಹರಿಯುವ ಆ ಗದ್ಯಕ್ಕೆ ಅವರು ಚೀನಾದ ಪ್ರಾಚೀನ ಶೋಕಗೀತೆಯೊಂದರಿಂದ ಹೆಸರನ್ನು ಪಡೆದರು. ಇದಾಗಿ ಎಪ್ಪತ್ತನಾಲ್ಕು ವರ್ಷಗಳ ನಂತರ, 1979ರ ಸೆಪ್ಟೆಂಬರಿನಲ್ಲಿ, ತೋಯೆಯಿ ಸ್ಟುಡಿಯೋದ ಆರ್ಥರ್ ಧಾರಾವಾಹಿ ಫುಜಿ ಟಿವಿಯಲ್ಲಿ ಆರಂಭವಾಗಿ 30 ಕಂತುಗಳವರೆಗೆ ನಡೆಯಿತು. ಇಲ್ಲಿ ಕಾಲಯಾತ್ರಿ ಯಾರೂ ಇಲ್ಲ. ತಂದೆತಾಯಿಯನ್ನು ಕಳೆದುಕೊಂಡ ಮಗು ಆರ್ಥರ್ ಮೆರ್ಲಿನ್‌ನಿಂದ ಉಳಿದು, ಬೇರೊಬ್ಬರ ಮನೆಯಲ್ಲಿ ಬೆಳೆದು, ಕಲ್ಲಿನಲ್ಲಿ ನೆಟ್ಟ ಕತ್ತಿಯನ್ನು ಎಳೆದು, ಲಾವಿಕ್ ಎಂಬ ದುಷ್ಟ ರಾಜನ ವಿರುದ್ಧ ನಿಲ್ಲುವುದೇ ಕಥೆ. ಹದಿನೈದನೆಯ ಶತಮಾನದಲ್ಲಿ ಆರ್ಥರ್ ಕಥೆಗಳನ್ನು ಒಂದಾಗಿ ಬರೆದ ಮ್ಯಾಲೊರಿಯ ಕೃತಿಯಲ್ಲಿ ಇಡೀ ರಾಜ್ಯವನ್ನು ಮುಳುಗಿಸುವ ರಾಣಿ ಮತ್ತು ಲ್ಯಾನ್ಸಲಾಟರ ಪ್ರೇಮ ಇಲ್ಲಿ ಕೇಂದ್ರದಲ್ಲಿಲ್ಲ.

ಅಂದಿನ ಟಿವಿ ಅನಿಮೆಯಲ್ಲಿ ಒಂದು ಸೆಕೆಂಡಿನ 24 ಚೌಕಟ್ಟುಗಳಿಗೆ ಎಂಟೇ ಚಿತ್ರಗಳನ್ನು ಬಳಸುವುದು ಸಾಮಾನ್ಯವಾಗಿತ್ತು. ಎಷ್ಟೋ ವೇಳೆ ಒಂದು ಮುಖ ಅಲುಗದೆ ನಿಂತು, ಕ್ಯಾಮೆರಾ ಮಾತ್ರ ಅದರ ಮೇಲೆ ನಿಧಾನವಾಗಿ ಚಲಿಸುತ್ತಿತ್ತು. ಈ ನಿಶ್ಚಲತೆ ಐತಿಹ್ಯಕ್ಕೆ ಹೊಂದುತ್ತದೆಂದು ನನ್ನ ಭಾವನೆ. ನಗಿಸುವ ಕಾರ್ಟೂನಿನ ಚುರುಕು ಗೆರೆ ಆರನೆಯ ಶತಮಾನವನ್ನು ನಮ್ಮ ಪಕ್ಕದ ಬೀದಿಗೆ ತಂದು ನಿಲ್ಲಿಸಿದರೆ, ಈ ನಿಂತ ಮುಖಗಳು ಅದನ್ನು ದೂರದಲ್ಲೇ ಉಳಿಸುತ್ತವೆ. ತೋಯೆಯಿ ಧಾರಾವಾಹಿಯ ಮುಂದುವರಿಕೆಯಾಗಿ 1980ರಲ್ಲಿ ಬಂದ 22 ಕಂತುಗಳಲ್ಲಿ ಆರ್ಥರ್ ತನ್ನ ಗುರುತನ್ನು ಮರೆಸಿಕೊಂಡು ಸಾಮಾನ್ಯ ಜನರ ನಡುವೆ ತಿರುಗುತ್ತಾನೆ. ಟ್ವೈನ್ ಅವರ ರಾಜನೂ ಹೀಗೆಯೇ ವೇಷ ಮರೆಸಿಕೊಂಡು ಹಳ್ಳಿಗಳಿಗೆ ಹೊರಡುತ್ತಾನೆ ಎಂಬುದನ್ನು ನೆನೆದರೆ, ಬೇರೆ ಬೇರೆ ದಾರಿಗಳಲ್ಲಿ ಹೊರಟ ಎರಡು ಕಥೆಗಳು ಒಂದೇ ತಿರುವಿಗೆ ಬಂದು ಸೇರಿದಂತೆ ತೋರುತ್ತದೆ.

ಕಾದಂಬರಿಯ ಅಂತ್ಯವನ್ನು ಹೇಳದೆ ಈ ಮಾತುಗಳು ಪೂರ್ತಿಯಾಗಲಾರವು, ಏಕೆಂದರೆ ಕಥೆಯನ್ನು ಕೇಳಿ ಬಲ್ಲ ಹಲವರಿಗೆ ಗ್ರಹಣ ಗೊತ್ತಿದೆ, ಅಂತ್ಯ ಗೊತ್ತಿಲ್ಲ. ಶಾಲೆ, ರೈಲು, ತಂತಿ, ದೂರವಾಣಿ ಎಲ್ಲವನ್ನೂ ಕಟ್ಟಿದ ಹ್ಯಾಂಕ್ ತನ್ನ ಮಗುವಿನ ಆರೋಗ್ಯಕ್ಕಾಗಿ ಫ್ರಾನ್ಸಿಗೆ ಹೋಗಿರುವಾಗ ಲ್ಯಾನ್ಸಲಾಟ್‌ನ ಪ್ರೇಮ ಬಯಲಾಗಿ ಯುದ್ಧ ನಡೆಯುತ್ತದೆ, ರಾಜ ಸಾಯುತ್ತಾನೆ, ಚರ್ಚು ಇಡೀ ರಾಜ್ಯಕ್ಕೆ ಬಹಿಷ್ಕಾರ ಹಾಕುತ್ತದೆ. ಹ್ಯಾಂಕನೊಡನೆ ಉಳಿಯುವವರು ನಂಬಿಕೆಯ ಬಂಟ ಕ್ಲಾರೆನ್ಸ್ ಮತ್ತು 52 ಹುಡುಗರು. ಗುಹೆಯೊಂದರ ಸುತ್ತ ವಿದ್ಯುತ್ ತಂತಿಯ ಬೇಲಿಗಳನ್ನು ಹೂಡಿ, ಮರಳಿನಲ್ಲಿ ಸಿಡಿಮದ್ದು ಹೂತು, ಒಂದೇ ಸಮನೆ ಗುಂಡು ಹಾರಿಸುವ ಗ್ಯಾಟ್ಲಿಂಗ್ ಬಂದೂಕುಗಳನ್ನು ಸಜ್ಜುಗೊಳಿಸಿ ಅವರು ಇಪ್ಪತ್ತೈದು ಸಾವಿರ ಮಂದಿಯನ್ನು ಕೊಲ್ಲುತ್ತಾರೆ. ಆಮೇಲೆ ಹೆಣಗಳ ರಾಶಿಯ ನಡುವೆ, ಅವುಗಳಿಂದ ಏಳುವ ವಿಷಗಾಳಿಯಲ್ಲಿ ತಾವೇ ಸೆರೆಯಾಗುತ್ತಾರೆ. ಮೆರ್ಲಿನ್ ಮುದುಕಿಯ ವೇಷದಲ್ಲಿ ಬಂದು ಹ್ಯಾಂಕನನ್ನು ಹದಿಮೂರು ಶತಮಾನಗಳ ನಿದ್ರೆಗೆ ದೂಡುತ್ತಾನೆ. ಯುಗಗಳ ಕಾಲ ಗುಹೆಯಲ್ಲಿ ಮಲಗಿದ್ದ ಮುಚುಕುಂದನನ್ನು ಬಲ್ಲ ನಮಗೆ ಈ ನಿದ್ರೆ ಅಪರಿಚಿತವಲ್ಲ. ಆದರೆ ಮುಚುಕುಂದನಿಗೆ ಎಚ್ಚರವಾದ ಮೇಲೆ ಕೃಷ್ಣನ ದರ್ಶನವಾಯಿತು, ಹ್ಯಾಂಕ್ ಎಚ್ಚೆತ್ತ ಕಾಲದಲ್ಲಿ ಅವನ ಹೆಂಡತಿಯೂ ಇಲ್ಲ, ಮಗುವೂ ಇಲ್ಲ.

ಈ ಪುಟಗಳನ್ನು ಬರೆಯುವ ಹೊತ್ತಿಗೆ ಟ್ವೈನ್ ಅಚ್ಚುಮೊಳೆ ಜೋಡಿಸುವ ಪೇಜ್ ಯಂತ್ರದ ಮೇಲೆ ತಮ್ಮ ಸಂಪತ್ತನ್ನೆಲ್ಲ ಸುರಿಯುತ್ತಿದ್ದರು. ಯಂತ್ರ ಕೈಕೊಟ್ಟಿತು, 1894ರಲ್ಲಿ ಅವರು ದಿವಾಳಿಯಾದರು, ಸಾಲ ತೀರಿಸಲೆಂದು ಹೊರಟ ಭಾಷಣ ಪ್ರವಾಸವೇ ಅವರನ್ನು 1896ರಲ್ಲಿ ಮುಂಬಯಿಗೂ ಕಲ್ಕತ್ತೆಗೂ ಕರೆತಂದಿತು. ಯಂತ್ರವನ್ನು ಇಷ್ಟೊಂದು ನಂಬಿದ್ದ ಮನುಷ್ಯನೇ ಯಂತ್ರದ ಮೇಲಿನ ಭಯವನ್ನು ಇಷ್ಟು ಆಳವಾಗಿ ಬರೆದದ್ದು ನನ್ನನ್ನು ಪ್ರತಿ ಓದಿನಲ್ಲೂ ತಟ್ಟುತ್ತದೆ.

ಯುದ್ಧಕ್ಕಿಂತಲೂ ಹೆಚ್ಚಾಗಿ ನಾನು ಅನಿಮೇಷನ್ನಿನಲ್ಲಿ ನೋಡಬಯಸುವುದು ಇಪ್ಪತ್ತೊಂಬತ್ತನೆಯ ಅಧ್ಯಾಯವನ್ನು. ವೇಷ ಮರೆಸಿಕೊಂಡ ರಾಜ ಸಿಡುಬು ಹೊಕ್ಕ ಗುಡಿಸಲೊಂದನ್ನು ಪ್ರವೇಶಿಸುತ್ತಾನೆ. ಹ್ಯಾಂಕ್ ಬೇಡವೆಂದು ಬೇಡಿಕೊಂಡರೂ ಕೇಳದೆ ಅಟ್ಟಕ್ಕೆ ಏಣಿ ಹತ್ತಿ, ಸಾಯುತ್ತಿರುವ ಹುಡುಗಿಯೊಬ್ಬಳನ್ನು ಎದೆಗವಚಿಕೊಂಡು ಇಳಿದು ಬಂದು ತಾಯಿಯ ಬಳಿ ಮಲಗಿಸುತ್ತಾನೆ. ರಾಜತ್ವವನ್ನೇ ಗೇಲಿ ಮಾಡುತ್ತ ಬಂದ ಹ್ಯಾಂಕ್ ಅಲ್ಲಿ ಅವನ ಹಿರಿಮೆಗೆ ತಲೆಬಾಗುತ್ತಾನೆ. ಇದಕ್ಕೆ ಸೈಕಲ್ಲೂ ಬೇಡ, ಗ್ರಹಣವೂ ಬೇಡ. ತೋಯೆಯಿ ಕಲಾವಿದರಂತೆ ಮುಖವೊಂದನ್ನು ಅಲುಗಿಸದೆ ಹಿಡಿದು ನಿಲ್ಲಿಸುವ ಧೈರ್ಯವೂ, ಬೇರ್ಡ್ ಅವರಂತೆ ಆ ಬಡತನದಲ್ಲಿ ನಮ್ಮ ಕಾಲದ ಗುರುತನ್ನು ಮೂಡಿಸುವ ಕೈಯೂ ಬೇಕು. ಬೇರ್ಡ್ ಚಿತ್ರಗಳೊಂದಿಗೆ ಇಡೀ ಕಾದಂಬರಿ ಪ್ರಾಜೆಕ್ಟ್ ಗುಟೆನ್‌ಬರ್ಗ್ ತಾಣದಲ್ಲಿ ಉಚಿತವಾಗಿ ದೊರೆಯುತ್ತದೆ. ಈ ಕಥೆಯನ್ನು ಕಾರ್ಟೂನುಗಳಿಂದಷ್ಟೇ ಬಲ್ಲವರು ಆ ಅಧ್ಯಾಯದಿಂದಲೇ ಓದಲು ತೊಡಗಬೇಕೆಂದು ನಾನು ಕೇಳಿಕೊಳ್ಳುತ್ತೇನೆ.