ಮಾಳಿಗೆ ಮೇಲೆ ಸುಟ್ಟ ಕೊಬ್ಬರಿ

ಹಟ್ಟಿ ಜಾತ್ರೆಗೆ, ಅಂದರೆ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ಜಾತ್ರೆಗೆ, ಹೋಗಿ ಬಂದವರ ಬಟ್ಟೆಯಿಂದ ಆ ವಾಸನೆ ಬೇಗ ಹೋಗುವುದಿಲ್ಲ. ಹರಕೆಗೆ ಸುಟ್ಟ ಕೊಬ್ಬರಿಯ ವಾಸನೆ. ಒಗೆದು ಒಣಹಾಕಿದರೂ ಅಂಗಿಯ ಕಾಲರಿನ ಮಡಿಕೆಯಲ್ಲಿ ಒಂಚೂರು ಉಳಿದೇ ಇರುತ್ತದೆ. ಈ ಸಲ ನಾಯಕನಹಟ್ಟಿಯಿಂದ ದಾವಣಗೆರೆಗೆ ವಾಪಸ್ ಬರುವಾಗ ಜಗಳೂರು ದಾಟಿದರೂ ಬಸ್ಸಿನ ತುಂಬ ಅದೇ ವಾಸನೆ. ಯಾರೋ ಕಿಟಕಿ ತೆಗೆದರು. ಆದರೂ ಹೋಗಲಿಲ್ಲ. ಹೋಗುವುದು ನನಗೆ ಬೇಕೂ ಇರಲಿಲ್ಲ. ಕಣ್ಣು ಮುಚ್ಚಿಕೊಂಡೆ. ಕಂಡಿದ್ದು ತಿಪ್ಪೇಶನ ತೇರಲ್ಲ, ನಮ್ಮ ಮನೆ ಮಾಳಿಗೆ. 2020ರ ಬೇಸಿಗೆ. ಹಳೇ ಕಬ್ಬಿಣದ ಬಾಂಡ್ಲಿ ಮುಂದೆ ಕೂತಿದ್ದ ಅವ್ವ.

ಅವ್ವನ ತವರು ಚಳ್ಳಕೆರೆ ಸೀಮೆ. ಮಳೆ ಕಮ್ಮಿ, ಶೇಂಗಾ ಜಾಸ್ತಿ. ಅಲ್ಲಿನವರಿಗೆ ತಿಪ್ಪೇರುದ್ರಸ್ವಾಮಿ ಅಂದರೆ ಮೊದಲು ಕೆರೆ ಕಟ್ಟಿಸಿದ ಅಜ್ಜ. ಪವಾಡ, ಮಹಿಮೆ ಎಲ್ಲ ಆಮೇಲಿನ ಮಾತು. ಒಣಗಿದ ನೆಲಕ್ಕೆ ನೀರು ತೋರಿಸಿದವನಿಗಿಂತ ದೊಡ್ಡ ಪವಾಡ ಇನ್ಯಾವುದು ಅಂತ ಅವ್ವನ ವಾದ. ಕೆರೆ ಕೆಲಸದ ಕಥೆಯನ್ನು ನನಗೆ ಅವಳು ಎಷ್ಟು ಸಲ ಹೇಳಿದ್ದಳೋ. ಸಂಜೆ ಆದ ಮೇಲೆ ಸ್ವಾಮಿ ಕೂಲಿಯವರಿಗೆ ಮರಳಿನ ಗುಡ್ಡೆ ಮಾಡಿ ಕೊಡುತ್ತಿದ್ದನಂತೆ. ಯಾರು ಎಷ್ಟು ಮಣ್ಣು ಹೊತ್ತಿದ್ದಾರೋ ಅವರ ಗುಡ್ಡೆಯಲ್ಲಿ ಅಷ್ಟೇ ಕಾಸು. ಮೈಗಳ್ಳನ ಗುಡ್ಡೆಯಲ್ಲಿ ಬರೀ ಮರಳು. ಇಲ್ಲಿಗೆ ಬಂದಾಗ ಅವ್ವ ತಪ್ಪದೆ ನನ್ನ ಮುಖ ನೋಡುತ್ತಿದ್ದಳು.

‘ಮಾಡಿದಷ್ಟು ನೀಡು ಭಿಕ್ಷೆ’ ಅನ್ನುವ ಹಟ್ಟಿ ತಿಪ್ಪೇಶನ ಮಾತು ನಮ್ಮ ಕಡೆ ಗೊತ್ತಿಲ್ಲದವರು ಯಾರು? ಲಾರಿ ಹಣೆಯ ಮೇಲೂ ಬರೆಸಿಕೊಳ್ಳುತ್ತಾರೆ. ನಾನು ಅದನ್ನು ಆ ಮರಳಿನ ಗುಡ್ಡೆಯ ಕಥೆ ಜೊತೆಗೇ ಓದಿಕೊಂಡು ಬಂದವನು. ದುಡಿದಷ್ಟು ಕೂಲಿ. ಅಷ್ಟೇ. ಎರಡು ಕಡೆ ಭಾಷಣದಲ್ಲೂ ಹಾಗೇ ಹೇಳಿ ಚಪ್ಪಾಳೆ ಹೊಡೆಸಿಕೊಂಡಿದ್ದೇನೆ.

ಆ ವರ್ಷ ನಮಗೊಂದು ಹರಕೆ ಇತ್ತು. ಹಿಂದಿನ ಚಳಿಗಾಲದಲ್ಲಿ ನನ್ನ ಎಡಗಣ್ಣಿಗೆ ತೊಂದರೆಯಾಗಿ ಒಂದು ತಿಂಗಳು ಓದು ಬರಹ ಎಲ್ಲ ನಿಂತಿತ್ತು. ಬರೆದು ತಿನ್ನುವವನ ಕಣ್ಣು. ಅವ್ವ ಸುಮ್ಮನಿರುತ್ತಾಳಾ? ‘ಇವನ ಕಣ್ಣು ನೆಟ್ಟಗಾದರೆ ಜಾತ್ರೆಗೆ ಬಂದು ಐದು ಕೊಬ್ಬರಿ ಸುಡ್ತೀನಿ’ ಅಂತ ಬೇಡಿಕೊಂಡಳು. ಕಣ್ಣು ನೆಟ್ಟಗಾಯಿತು. ಕೊಬ್ಬರಿಯನ್ನೂ ತಂದಿಟ್ಟಳು. ಬಿಳಿ ಬಟ್ಟೆಯಲ್ಲಿ ಕಟ್ಟಿದ ಆ ಗಂಟು ದೇವರ ಮನೆಯ ಮಾಡದಲ್ಲಿ ಕೂತಿತ್ತು.

ಜಾತ್ರೆ ಬಂದಾಗ ನಾನು ಹೋಗಲಿಲ್ಲ. ಫಾಲ್ಗುಣದ ಜಾತ್ರೆ, ಹೋಳಿ ಹುಣ್ಣಿಮೆಯ ಆಸುಪಾಸು. ಅದೇ ವಾರ ಒಂದು ಬರಹ ಮುಗಿಸಿ ಕೊಡಬೇಕಿತ್ತು. ಪೇಪರಿನಲ್ಲಿ ರೋಗದ ಸುದ್ದಿ ಬರತೊಡಗಿತ್ತು, ಅದೂ ನೆಪಕ್ಕೆ ಸಿಕ್ಕಿತು. ‘ಮುಂದಿನ ವರ್ಷ ಹೋದರಾಯ್ತು ಬಿಡವ್ವ’ ಅಂದೆ. ಕಣ್ಣು ಕೊಟ್ಟವನಿಗೆ ಆ ಕಣ್ಣಿನ ಕೆಲಸದ ನೆಪವನ್ನೇ ಹೇಳಿದೆ. ಇದು ಹೊಳೆದಿದ್ದು ಎಷ್ಟೋ ದಿನ ಕಳೆದ ಮೇಲೆ.

ಮಾರ್ಚ್ 22ರ ಭಾನುವಾರ ಸಂಜೆ ಐದಕ್ಕೆ ಎಲ್ಲರ ಜೊತೆ ನಾವೂ ತಟ್ಟೆ ಬಡಿದೆವು. ಮಂಗಳವಾರ ರಾತ್ರಿ ಎಂಟಕ್ಕೆ 21 ದಿನ ಎಲ್ಲ ಬಂದ್ ಅಂತ ಟಿವಿಯಲ್ಲಿ ಬಂತು. ಮರುದಿನ 25, ಯುಗಾದಿ. ಎಣ್ಣೆ ಸ್ನಾನ ಆಯಿತು. ಬೇವು ನಮ್ಮ ಬೀದಿ ಮರದಲ್ಲೇ ಇತ್ತು, ಬೆಲ್ಲ ಡಬ್ಬಿಯಲ್ಲಿತ್ತು. ಹೊಸ ಸಂವತ್ಸರದ ಹೆಸರು ಶಾರ್ವರಿ. ಶಾರ್ವರಿ ಅಂದರೆ ರಾತ್ರಿ ಅಂತ ನಾನು ನನ್ನ ಪಾಂಡಿತ್ಯ ತೋರಿಸಿದೆ. ‘ಹಬ್ಬದ ದಿನ ಇದನ್ನ ಹೇಳ್ಬೇಕಿತ್ತಾ?’ ಅಂದಳು ಹೆಂಡತಿ. ಅವ್ವ ಮಾತ್ರ, ‘ರಾತ್ರಿ ಆದ್ರೆ ಬೆಳಗೂ ಆಗುತ್ತೆ, ಬೇವು ತಿನ್ನು’ ಅಂದು ನನ್ನ ಬಾಯಿಗೆ ತುರುಕಿದಳು.

ಆಮೇಲಿನ ದಿನಗಳು ನಿಮ್ಮ ಮನೆಯಲ್ಲೂ ಹಾಗೇ ಇದ್ದಿರಬೇಕು. ಬೆಳಿಗ್ಗೆ ಹಾಲು, ತರಕಾರಿ, ವಾಪಸ್. ಮಗಳದು ಎಸ್ಸೆಸ್ಸೆಲ್ಸಿ. ಮಾರ್ಚ್ 27ಕ್ಕೆ ಶುರುವಾಗಬೇಕಿದ್ದ ಪರೀಕ್ಷೆ ಮುಂದಕ್ಕೆ ಹೋಯಿತು, ಆದದ್ದು ಜೂನ್ 25ರಿಂದ. ಮೂರು ತಿಂಗಳು ಆ ಹುಡುಗಿ ಅದೇ ಪಾಠವನ್ನು ಓದಿ ಓದಿ ಪುಸ್ತಕದ ಬೆನ್ನು ಕಿತ್ತುಹೋಯಿತು. ಸಂಜೆ ಮಂಡಕ್ಕಿ ಮೆಣಸಿನಕಾಯಿ ಇಲ್ಲದ ದಾವಣಗೆರೆಯನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಬೆಣ್ಣೆ ದೋಸೆಯ ಕಾವಲಿಗಳು ತಣ್ಣಗಾಗಿದ್ದವು.

ಗೆಳೆಯರು ಫೋನ್ ಮಾಡಿ, ‘ಬರೆಯೋರಿಗೆ ಇದಕ್ಕಿಂತ ಒಳ್ಳೆ ಕಾಲ ಸಿಗುತ್ತೇನಪ್ಪಾ’ ಅನ್ನುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ. ಬೆಳಿಗ್ಗೆ ಮೇಜಿನ ಮುಂದೆ ಕೂತರೆ ಮಧ್ಯಾಹ್ನಕ್ಕೆ ನಾಲ್ಕು ಸಾಲು. ಸಂಜೆಗೆ ಅವನ್ನೂ ಹೊಡೆದು ಹಾಕುತ್ತಿದ್ದೆ. ಅಷ್ಟರಲ್ಲಿ ನಾನು ಬರೆಯುತ್ತಿದ್ದ ಒಂದು ಮಾಸಿಕ ನಿಂತೇ ಹೋಯಿತು. ಹಿಂದಿನ ಆರು ತಿಂಗಳ ದುಡ್ಡೂ ಬರಲಿಲ್ಲ. ಕೇಳಿದರೆ, ‘ಪರಿಸ್ಥಿತಿ ನಿಮಗೇ ಗೊತ್ತಲ್ಲ ಸಾರ್.’ ಗೊತ್ತಿತ್ತು. ಆದರೂ ಹೊಟ್ಟೆ ಉರಿಯಿತು.

ಆ ಉರಿಯಲ್ಲೇ ಒಂದು ಮಧ್ಯಾಹ್ನ ಅಡುಗೆ ಮನೆಗೆ ಹೋದೆ. ಗೋಡೆ ಮೇಲೆ ತಿಪ್ಪೇಶನ ಫೋಟೋ ಇದ್ದ ಕ್ಯಾಲೆಂಡರ್. ಕೆಳಗೆ ಅದೇ ಸಾಲು. ಸಿಟ್ಟು ತೀರಿಸಿಕೊಳ್ಳಲು ಬೇರೆ ಯಾರೂ ಸಿಗಲಿಲ್ಲ ಅನ್ನಿಸುತ್ತೆ.

‘ಮಾಡಿದಷ್ಟು ನೀಡು ಭಿಕ್ಷೆ ಅಂತಾನೆ ನಿಮ್ಮ ಸ್ವಾಮಿ. ಮಾಡೋಕೆ ಕೆಲಸಾನೇ ಇಲ್ಲ. ಮಾಡಿದ್ದಕ್ಕೂ ದುಡ್ಡಿಲ್ಲ. ಇನ್ನು ಎಲ್ಲಿ ಭಿಕ್ಷೆ?’

ಅವ್ವ ಮುದ್ದೆ ತಿರುವುತ್ತಿದ್ದಳು. ಕೋಲು ನಿಲ್ಲಿಸಲಿಲ್ಲ.

‘ಅದು ನಿಂಗೆ ಹೇಳಿದ್ದಲ್ಲ ಬಿಡು.’

‘ಮತ್ಯಾರಿಗೆ?’

‘ನಂಗೆ. ನಿನ್ ಹೆಂಡ್ತಿಗೆ. ಒಲೆ ಮುಂದೆ ಇರೋರಿಗೆ. ಮಾಡಿದಷ್ಟು ಅಂದ್ರೆ ಅಡುಗೆ ಮಾಡಿದಷ್ಟು. ನೀಡು ಅಂದ್ರೆ ನೀಡು. ಜೋಳಿಗೆ ಹಿಡಿದು ಬಾಗಿಲಿಗೆ ಬಂದ ಜಂಗಮ ಇನ್ನೇನು ಕೇಳ್ತಾನೋ? ಏನು ಮಾಡೀಯವ್ವ ಇವತ್ತು, ಅದರಾಗೇ ನೀಡು ಅಂತಾನೆ.’

ನಾನು ಅಲ್ಲೇ ನಿಂತುಬಿಟ್ಟೆ.

ಮೂವತ್ತು ವರ್ಷ ಪದಗಳ ಜೊತೆ ಬದುಕಿದವನು ನಾನು. ನಮ್ಮ ಮನೆಯಲ್ಲಿ ‘ಏನು ಮಾಡೀರಿ’ ಅಂದರೆ ಏನು ಅಡುಗೆ ಅಂತಲೇ ಅರ್ಥ. ‘ನೀಡು’ ಅಂದರೆ ತಟ್ಟೆಗೆ ಬಡಿಸು ಅಂತಲೇ ಅರ್ಥ. ಇನ್ನೊಂದು ಸ್ವಲ್ಪ ಸಾರು ನೀಡು, ಅಪ್ಪಾಜಿಗೆ ಅನ್ನ ನೀಡು. ಎರಡೂ ಮಾತು ದಿನಾ ಕಿವಿಗೆ ಬಿದ್ದಿವೆ. ಆದರೆ ಅವು ಕ್ಯಾಲೆಂಡರಿನ ಮೇಲೆ ಅಚ್ಚಾದ ಕೂಡಲೇ ನನಗೆ ಕೂಲಿ, ಕಾಯಕ, ಭಾಷಣ ಎಲ್ಲ ಆಗಿಬಿಟ್ಟಿದ್ದವು. ಅವ್ವನಿಗೆ ಓದಲು ಬರುತ್ತಿರಲಿಲ್ಲ. ಕೇಳಿಸಿಕೊಳ್ಳಲು ಬರುತ್ತಿತ್ತು. ‘ನೀಡು’ ಅನ್ನುವುದು ಪಡೆಯುವವನಿಗೆ ಹೇಳಿದ ಮಾತಲ್ಲ, ಕೈಯಲ್ಲಿ ಇರುವವನಿಗೆ ಹೇಳಿದ ಮಾತು. ನನಗೆ ಎಷ್ಟು ಬರಬೇಕು ಅಂತ ಲೆಕ್ಕ ಹಾಕುತ್ತಾ ಕೂತಿದ್ದವನು ನಾನು. ಇರುವುದರಲ್ಲಿ ಎಷ್ಟು ನೀಡಿದೆ ಅಂತ ಸ್ವಾಮಿ ಕೇಳುತ್ತಿದ್ದ. ಹಾಗಾದರೆ ಮರಳಿನ ಗುಡ್ಡೆಯ ಕಥೆ ಸುಳ್ಳಾ? ಅದನ್ನೂ ಕೇಳಿದೆ. ‘ಅದೂ ನಿಜ, ಇದೂ ನಿಜ. ಹಸಿದ ಹೊತ್ತಿಗೆ ಇದು’ ಅಂದಳು.

ಎದುರಿಗೆ ಅರ್ಧ ಕಟ್ಟಿ ನಿಂತ ಒಂದು ಮನೆ ಇತ್ತು. ಅದರ ಕೆಲಸಕ್ಕೆ ಬೇರೆ ಜಿಲ್ಲೆಯಿಂದ ಬಂದ ಗಂಡ, ಹೆಂಡತಿ, ಎರಡು ಮಕ್ಕಳು ಅಲ್ಲೇ ಸಿಕ್ಕಿಹಾಕಿಕೊಂಡಿದ್ದರು. ರೇಷನ್ ಅಂಗಡಿಯಲ್ಲಿ ಎರಡು ತಿಂಗಳ ಅಕ್ಕಿ ಒಟ್ಟಿಗೆ ಕೊಟ್ಟ ಕಾಲ ಅದು. ಆದರೆ ಅವರ ಕಾರ್ಡ್ ಊರಲ್ಲಿತ್ತು. ನನ್ನ ಮೇಜಿನಿಂದ ಕಿಟಕಿಯಲ್ಲಿ ನೇರ ಕಾಣುತ್ತಿದ್ದ ಜನ ಅವರು. ನಾನು ದಿನಾ ನೋಡುತ್ತಿದ್ದೆ, ಅವರ ಬಗ್ಗೆ ಬರೆಯಬೇಕು ಅಂತಲೂ ಅಂದುಕೊಳ್ಳುತ್ತಿದ್ದೆ. ಅವ್ವ ಆಗಲೇ ಎರಡು ವಾರದಿಂದ ನಮ್ಮ ಅಳತೆಗಿಂತ ನಾಲ್ಕು ಮುದ್ದೆ ಹೆಚ್ಚಿಗೆ ಮಾಡುತ್ತಿದ್ದಳಂತೆ. ಅದು ನನಗೆ ಗೊತ್ತಾಗಿದ್ದೇ ಆವತ್ತು. ಮುಚ್ಚಿದ ಪಾತ್ರೆ ಹಿಡಿದು ಮಗಳು ಬಾಗಿಲು ದಾಟಿದಾಗ.

ಮುಂದಿನ ಸೋಮವಾರ ಅವ್ವ ಕೊಬ್ಬರಿ ಗಂಟು ಬಿಚ್ಚಿದಳು.

‘ಹಟ್ಟಿಗೆ ಹೋಗೋಕಾಗಲ್ಲ. ಇಲ್ಲೇ ಸುಡ್ತೀನಿ. ಅವನೇನು ಅಲ್ಲೊಬ್ಬನೇ ಇದಾನಾ?’

ಮನೆ ಕಟ್ಟುವಾಗ ಉಳಿದಿದ್ದ ತುಕ್ಕು ಹಿಡಿದ ಬಾಂಡ್ಲಿಯನ್ನು ನಾನೇ ಮಾಳಿಗೆಗೆ ಹೊತ್ತೆ. ಹಣೆಗೆ ವಿಭೂತಿ, ತಲೆ ಮೇಲೆ ಸೆರಗು, ಮುಖ ಹಟ್ಟಿ ಇರುವ ದಿಕ್ಕಿಗೆ. ದಿಕ್ಕು ಸರಿಯಿತ್ತೋ ಇಲ್ಲವೋ, ಅವಳು ಹೇಳಿದ್ದೇ ದಿಕ್ಕು. ಕರ್ಪೂರದಿಂದ ಕಡ್ಡಿ, ಕಡ್ಡಿಯಿಂದ ಕೊಬ್ಬರಿ. ಮೊದಲು ಕೊಬ್ಬರಿ ಬೆವರಿದ ಹಾಗೆ ಎಣ್ಣೆ ಬಿಟ್ಟಿತು. ಆಮೇಲೆ ಚಿಟಚಿಟ ಅಂತ ಸದ್ದು. ಆಮೇಲೆ ಹೊಗೆ. ಕಪ್ಪು, ಜಿಡ್ಡು ಹೊಗೆ. ಹಟ್ಟಿಯಲ್ಲಿ ಗುಡಿ ಮುಂದೆ ರಾಶಿ ಕೊಬ್ಬರಿ ಉರಿಯುವಾಗ ಹತ್ತಿರ ನಿಲ್ಲಲು ಆಗುವುದಿಲ್ಲ, ನೂಕುನುಗ್ಗಲಲ್ಲಿ ಕೈ ಚಾಚಿ ಎಸೆದು ಓಡಬೇಕು. ಇಲ್ಲಿ ಒಂದೇ ಕೊಬ್ಬರಿ. ಕೊನೆಯವರೆಗೂ ಕೂತು ನೋಡಿದೆ. ಆ ವಾಸನೆಯನ್ನು ಏನಂತ ಹೇಳಲಿ? ಅರ್ಧ ಒಬ್ಬಟ್ಟಿನ ಮನೆ, ಅರ್ಧ ಸುಡುಗಾಡು. ಹಬ್ಬವೂ ಅದರಲ್ಲಿದೆ, ಸಾವೂ ಅದರಲ್ಲಿದೆ. ಆ ದಿನಗಳಲ್ಲಿ ನಾವೆಲ್ಲ ಉಸಿರಿಗೇ ಹೆದರುತ್ತಿದ್ದೆವು, ನೆನಪಿದೆಯಾ? ಯಾರಾದರೂ ಕೆಮ್ಮಿದರೆ ಓಡುತ್ತಿದ್ದೆವು. ಎಷ್ಟೋ ವಾರಗಳ ಮೇಲೆ ಅವತ್ತು ನಾನು ಎದೆ ತುಂಬ ಉಸಿರು ಎಳೆದುಕೊಂಡೆ. ಹೊಗೆಗೆ ಕಣ್ಣಲ್ಲಿ ನೀರು ಸುರಿಯಿತು. ನೆಟ್ಟಗಾದ ಎಡಗಣ್ಣಲ್ಲೇ ಜಾಸ್ತಿ.

ಗಾಳಿ ಹೊಗೆಯನ್ನು ಬೀದಿ ಮೇಲೆ ಹೊತ್ತುಕೊಂಡು ಹೋಯಿತು. ಎರಡು ಮನೆ ಆಚೆಯ ಮಾಳಿಗೆಯಿಂದ ಯಾರೋ ಹೆಂಗಸು, ‘ಏನ್ ಸುಡ್ತಿದೀರಾ?’ ಅಂತ ಜೋರಾಗಿ ಕೇಳಿದರು. ಅಷ್ಟರಲ್ಲಿ ಇನ್ನೊಂದು ಮಾಳಿಗೆಯಲ್ಲಿ ಬನಿಯನ್ನಿನಲ್ಲಿ ನಿಂತಿದ್ದ ಮುದುಕರೊಬ್ಬರು ಮೂಗು ಎತ್ತಿ ವಾಸನೆ ಹಿಡಿದರು. ಮಾಸ್ಕ್ ಗಲ್ಲಕ್ಕೆ ಎಳೆದರು. ‘ಹಟ್ಟಿ ತಿಪ್ಪೇಶಾ’ ಅಂತ ಕೈ ಮುಗಿದೇಬಿಟ್ಟರು. ಅವರ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ.

ಎರಡನೆಯ ಕೊಬ್ಬರಿಗೆ ನಾನು ಕೈ ಹಾಕಿದೆ. ಅವ್ವ ತಡೆದಳು.

‘ಸಾಕು. ಒಂದು ಅವನಿಗೆ.’

ಉಳಿದ ನಾಲ್ಕನ್ನು ಕೆಳಗೆ ತಂದು ತುರಿಯಲು ಕೂತಳು. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆ, ಉಪ್ಪು. ಹೆಂಡತಿ ಗಾಬರಿಯಾಗಿ, ‘ಹರಕೆ ಕೊಬ್ಬರಿ ತಿನ್ನಬಹುದಾ ಅತ್ತೆ?’ ಅಂದಳು. ‘ತಿನ್ನೋದಲ್ಲ ಕಣವ್ವ, ನೀಡೋದು’ ಅಂದಳು ಅವ್ವ. ಚಟ್ನಿಪುಡಿ ಎರಡು ಡಬ್ಬಿ ಆಯಿತು. ಒಂದು ಎದುರು ಮನೆಗೆ ಹೋಯಿತು. ಇನ್ನೊಂದು ಬೀದಿ ಗುಡಿಸುವ ಅಮ್ಮನಿಗೆ. ಕೈಗೆ ಅಂಟಿದ್ದನ್ನು ನೆಕ್ಕಿದ್ದು ಬಿಟ್ಟರೆ ನಮ್ಮ ಪಾಲಿಗೆ ಏನೂ ಇಲ್ಲ. ‘ಐದು ಹೇಳಿ ಒಂದೇ ಸುಟ್ಟೆಯಲ್ಲವ್ವ, ಬಾಕಿ ನಾಲ್ಕು ಅಂತ ಕೇಳಿದರೆ?’ ಅಂತ ತಮಾಷೆ ಮಾಡಿದೆ. ‘ಕೇಳಲಿ. ನಾನೇ ಲೆಕ್ಕ ಒಪ್ಪಿಸ್ತೀನಿ.’

ಆ ರಾತ್ರಿ ನಾನು ಒಂದು ಪುಟ ಬರೆದೆ. ದೊಡ್ಡದೇನಲ್ಲ. ಹೊಡೆದು ಹಾಕಲಿಲ್ಲ, ಅಷ್ಟೇ.

ಅವ್ವ ಹೋಗಿ ಮೂರು ವರ್ಷ ಆಯಿತು. ರೋಗದಿಂದಲ್ಲ. ವಯಸ್ಸಾಗಿತ್ತು. ಈಗ ಜಾತ್ರೆಗೆ ಹೋದರೆ ತೇರಿನ ಹಗ್ಗ ಹಿಡಿದ ಕೈಗಿಂತ ಫೋನ್ ಹಿಡಿದ ಕೈ ಜಾಸ್ತಿ. ತೇರು ಎಳೆಯುವ ಮೊದಲು ಮುಕ್ತಿ ಬಾವುಟ ಲಕ್ಷ ಲಕ್ಷಕ್ಕೆ ಹರಾಜಾಗುತ್ತದೆ, ಮರುದಿನ ಪೇಪರಿನಲ್ಲಿ ಅದೇ ಸುದ್ದಿ. ತಪ್ಪು ಅನ್ನುವುದಿಲ್ಲ. ಆದರೆ ನಮ್ಮ ಮನೆಗಳಲ್ಲಿ ಅಕ್ಕಿ ಅಳೆಯುವಾಗ ‘ಯಾರಾದ್ರೂ ಬಂದಾರು, ಒಂದು ಹಿಡಿ ಜಾಸ್ತಿ ಹಾಕು’ ಅನ್ನುವ ಮಾತು ನೀವು ಕೊನೆಯ ಸಲ ಕೇಳಿದ್ದು ಯಾವಾಗ? ಕುಕ್ಕರಿಗೆ ಲೋಟ ಲೆಕ್ಕ. ತಲೆಗೆ ಇಷ್ಟು. ಉಳಿದರೆ ಫ್ರಿಜ್ಜು. ಬೇರೆಯವರಿಗೆ ಹೇಳುತ್ತಿಲ್ಲ, ನಮ್ಮ ಮನೆಯದೇ ಹೇಳುತ್ತಿದ್ದೇನೆ. ಆ ಬೇಸಿಗೆ ಕಲಿತದ್ದನ್ನು ನಾವು ಮಾಸ್ಕಿನ ಜೊತೆಗೇ ತೆಗೆದಿಟ್ಟೆವು.

ತಿನ್ನುವ ಕೊಬ್ಬರಿಯನ್ನು ಯಾಕಪ್ಪ ಸುಡಬೇಕು ಅಂತ ಮಗಳು ಕೇಳುತ್ತಾಳೆ. ಒಳ್ಳೆ ಪ್ರಶ್ನೆ. ಕಷ್ಟ ಸುಟ್ಟುಹೋಗಲಿ ಅಂತ ಅವ್ವ ಹೇಳುತ್ತಿದ್ದಳು ಅಂತಷ್ಟೇ ನಾನು ಹೇಳುವುದು. ಅವಳಿಗೆ ಅದು ಸಾಲುವುದಿಲ್ಲ. ಪೂರ್ತಿ ನನಗೂ ಸಾಲುವುದಿಲ್ಲ.

ಈ ಸಲ ನಾಲ್ಕು ಕೊಬ್ಬರಿ ತೆಗೆದುಕೊಂಡು ಹೋಗಿದ್ದೆ. ಬಾಕಿ ಲೆಕ್ಕ. ಬಿಸಿಲು ಇಳಿದಿರಲಿಲ್ಲ, ಗುಡಿ ಮುಂದಿನ ಉರಿ ಮುಖಕ್ಕೆ ಹೊಡೆಯುತ್ತಿತ್ತು. ಒಂದು ಎಸೆದೆ. ಎರಡು ಎಸೆದೆ. ಮೂರನೆಯದು ಕೈಯಲ್ಲೇ ಇತ್ತು, ಹಿಂದಿನಿಂದ ಜನ ನೂಕಿದರು, ಉರಿ ದಾಟಿ ಆಚೆ ಬಂದಿದ್ದೆ. ತಿರುಗಿ ಹೋಗಬಹುದಿತ್ತು. ಹೋಗಲಿಲ್ಲ.

ಮನೆಗೆ ಬಂದಾಗ ರಾತ್ರಿ ಹತ್ತಾಗಿತ್ತು. ಹೆಂಡತಿ ಚೀಲ ತೆಗೆದುಕೊಂಡು ಒಳಗೆ ನೋಡಿದಳು.

‘ಎಷ್ಟು ಸುಟ್ರಿ?’

‘ಎರಡು.’

ಇನ್ನೇನೂ ಕೇಳಲಿಲ್ಲ. ಆ ಹೊತ್ತಲ್ಲೇ ಸ್ಟೂಲ್ ಹತ್ತಿ ಒಣಮೆಣಸಿನಕಾಯಿ ಡಬ್ಬಿ ಇಳಿಸಿದಳು.