ಗ್ಯಾರೇಜಿನ ಕಾರ್ಯಾಗಾರದಲ್ಲಿ ಒಂದು ಹಳೆಯ ಟೇಬಲ್ ಗರಗಸ

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ಡೆಟ್ರಾಯ್ಟ್ ನಗರದ ಹೊರವಲಯದ ಬಡಾವಣೆಗಳಲ್ಲಿ, ಮನೆಗೆ ಅಂಟಿಕೊಂಡಂತೆ ಎರಡು ಕಾರು ನಿಲ್ಲುವಷ್ಟು ದೊಡ್ಡ ಗ್ಯಾರೇಜು ಇರುವುದು ಸಾಮಾನ್ಯ. ಎಷ್ಟೋ ಮನೆಗಳಲ್ಲಿ ಒಂದು ಕಾರಿನ ಜಾಗವನ್ನು ಮರಗೆಲಸಕ್ಕೋ ಯಂತ್ರಗಳ ದುರಸ್ತಿಗೋ ಬಿಟ್ಟುಕೊಟ್ಟಿರುತ್ತಾರೆ. ಊರಿನಲ್ಲಿ ನಮಗೊಂದು ಕಪಾಟು ಬೇಕೆನಿಸಿದರೆ ಆಚಾರಿಯವರನ್ನು ಕರೆದು ಅಳತೆ ಹೇಳುತ್ತೇವೆ. ಇಲ್ಲಿ ಕುಶಲ ಕೆಲಸದ ಕೂಲಿ ಅಷ್ಟು ದುಬಾರಿಯಾದ್ದರಿಂದ, ಚೆನ್ನಾಗಿ ಸಂಪಾದಿಸುವವರೂ ಇಂಥ ಕೆಲಸವನ್ನು ತಾವೇ ಕಲಿತು ಮಾಡಿಕೊಳ್ಳುತ್ತಾರೆ. ಇದು ಕಾರು ತಯಾರಿಕೆಯ ನಾಡು ಬೇರೆ. ಕಾರ್ಖಾನೆಗಳಲ್ಲಿ ಅಚ್ಚು, ಮಾದರಿ, ಉಪಕರಣಗಳನ್ನು ಮಾಡುತ್ತಿದ್ದ ಹಿರಿಯರು ತೀರಿಕೊಂಡಾಗಲೋ, ಮನೆ ಮಾರಿ ಚಿಕ್ಕ ವಸತಿಗೆ ಹೋಗುವಾಗಲೋ ಅವರ ಸಲಕರಣೆಗಳೆಲ್ಲ ಎಸ್ಟೇಟ್ ಸೇಲ್ ಎಂಬ, ಆ ಮನೆಯಲ್ಲಿಯೇ ನಡೆಯುವ ಮಾರಾಟಕ್ಕೆ ಬರುತ್ತವೆ. ನನ್ನ ಟೇಬಲ್ ಗರಗಸ ಸಿಕ್ಕಿದ್ದು ಹಾಗೆ. ಅಂಥದೊಂದು ಯಂತ್ರವನ್ನು ಕೊಂಡು ತಂದಮೇಲೆ ಅದನ್ನು ಕೆಲಸಕ್ಕೆ ಅಣಿಗೊಳಿಸುವುದು ಹೇಗೆಂಬುದನ್ನು ಊರಿನ ಓದುಗರಿಗಾಗಿ ವಿವರವಾಗಿ ಬರೆಯುತ್ತಿದ್ದೇನೆ.

ಟೇಬಲ್ ಗರಗಸದಲ್ಲಿ ಹಲಗೆ ಚಲಿಸುತ್ತದೆ, ಗರಗಸ ನಿಂತಲ್ಲಿಯೇ ತಿರುಗುತ್ತದೆ. ಸಮತಟ್ಟಾದ ಮೇಜಿನ ನಡುವಿನ ಸೀಳಿನಿಂದ ವೃತ್ತಾಕಾರದ ಬ್ಲೇಡು ಮೇಲೆದ್ದಿರುತ್ತದೆ. ಅದನ್ನು ಏರಿಸಲು, ಇಳಿಸಲು, ಓರೆಯಾಗಿಸಲು ಕೈಚಕ್ರಗಳಿರುತ್ತವೆ. ಇಲ್ಲಿ ದೊರೆಯುವವುಗಳಲ್ಲಿ ಮುಖ್ಯವಾಗಿ ಮೂರು ಬಗೆ. ಕಟ್ಟಡದ ಜಾಗಕ್ಕೆ ಎತ್ತಿಕೊಂಡು ಹೋಗುವ ಹಗುರವಾದ ಜಾಬ್‌ಸೈಟ್ ಗರಗಸ, ಕಾಲುಗಳ ಮೇಲೆ ನಿಂತು ಹಿಂಬದಿಯಲ್ಲಿ ಮೋಟಾರು ತೂಗುವ ಕಾಂಟ್ರಾಕ್ಟರ್ ಗರಗಸ, ಮತ್ತು ಇಡೀ ಯಂತ್ರಭಾಗ ಉಕ್ಕಿನ ಪೆಟ್ಟಿಗೆಯೊಳಗೆ ಕುಳಿತಿರುವ ಕ್ಯಾಬಿನೆಟ್ ಗರಗಸ. ಡೆಲ್ಟಾ ಕಂಪನಿ 1939ರಲ್ಲಿ ಹೊರತಂದ ಯೂನಿಸಾ ಈ ಕೊನೆಯ ಬಗೆಗೆ ಮಾದರಿಯಾಯಿತು. ಅದೇ ಕಂಪನಿ 1945ರಲ್ಲಿ ರಾಕ್‌ವೆಲ್ ಸಂಸ್ಥೆಯ ವಶಕ್ಕೆ ಹೋದ್ದರಿಂದ ಆ ಕಾಲದ ಯಂತ್ರಗಳ ಮೇಲೆ ರಾಕ್‌ವೆಲ್ ಎಂಬ ಹೆಸರಿರುತ್ತದೆ. ನನ್ನದು ಹತ್ತು ಅಂಗುಲದ ಬ್ಲೇಡಿನ, ಒಂದೂವರೆ ಅಶ್ವಶಕ್ತಿಯ ರಾಕ್‌ವೆಲ್ ಕಾಂಟ್ರಾಕ್ಟರ್ ಗರಗಸ. ಇದೇ ಹಣಕ್ಕೆ ಹೊಸದು ಕೊಂಡರೆ ಅಲ್ಯುಮಿನಿಯಂ ಮೇಜಿನ, ಕಿವಿಗಡಚಿಕ್ಕುವ ಸದ್ದಿನ ಜಾಬ್‌ಸೈಟ್ ಯಂತ್ರ ಮಾತ್ರ ದೊರೆಯುತ್ತದೆ. ಹಳೆಯದರಲ್ಲಿ ಬೀಡು ಕಬ್ಬಿಣದ ಮೇಜು, ಬೆಲ್ಟಿನಿಂದ ಓಡುವ ನಿಧಾನಗತಿಯ ದೊಡ್ಡ ಮೋಟಾರು, ನೂರು ಕಿಲೋ ಮೀರಿದ ತೂಕ ಎಲ್ಲವೂ ಸಿಗುತ್ತವೆ. ಮರಗೆಲಸದ ಯಂತ್ರಕ್ಕೆ ತೂಕವೇ ಒಂದು ಗುಣ. ಅದು ಅದುರುವಿಕೆಯನ್ನು ಹೀರಿಕೊಳ್ಳುತ್ತದೆ.

ಕೊಳ್ಳುವ ಮುನ್ನ ನೋಡಲೇಬೇಕಾದದ್ದು ಕೆಲವೇ ಸಂಗತಿಗಳು. ಮೇಜಿನ ಮೇಲೆ ಉದ್ದನೆಯ ಉಕ್ಕಿನ ಅಳತೆಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿ, ಹಿಂದಿನಿಂದ ಟಾರ್ಚಿನ ಬೆಳಕು ಬಿಟ್ಟರೆ ತಗ್ಗು ಉಬ್ಬುಗಳು ತೋರುತ್ತವೆ. ಬ್ಲೇಡು ಕೂರುವ ದಂಡಕ್ಕೆ ಇಲ್ಲಿ ಆರ್ಬರ್ ಎನ್ನುತ್ತಾರೆ. ವಿದ್ಯುತ್ತನ್ನು ತೆಗೆದು ಅದನ್ನು ಹಿಡಿದು ಮೇಲೆ ಕೆಳಗೆ ಅಲುಗಿಸಿದಾಗ ಕಿಂಚಿತ್ ಸಡಿಲವೂ ಇರಬಾರದು, ಕೈಯಲ್ಲಿ ತಿರುಗಿಸಿದಾಗ ಮರಳು ಸಿಕ್ಕಿದಂಥ ಒರಟುತನ ಇರಬಾರದು. ಬೇರಿಂಗು ಸವೆದಿದ್ದರೆ ಹೆದರಬೇಕಾಗಿಲ್ಲ, ಕೆಲವೇ ಡಾಲರಿಗೆ ಹೊಸದು ಸಿಗುತ್ತದೆ. ಆದರೆ ಒಳಗಿನ ಬೀಡು ಕಬ್ಬಿಣದ ಭಾಗದಲ್ಲಿ ಬಿರುಕಿದ್ದರೆ, ಬೆಲೆ ಎಷ್ಟೇ ಕಡಿಮೆಯಿರಲಿ, ಆ ಯಂತ್ರವನ್ನು ಅಲ್ಲಿಯೇ ಬಿಟ್ಟುಬರಬೇಕು. ತುಕ್ಕನ್ನು ಕಂಡು ಹಿಂಜರಿಯುವವರು ಬಹಳ. ಮೇಲ್ಮೈಯ ತುಕ್ಕು ನನ್ನ ದೃಷ್ಟಿಯಲ್ಲಿ ಬೆಲೆ ಇಳಿಸುವ ವಿಷಯವೇ ಹೊರತು ಬೇಡವೆನ್ನುವ ವಿಷಯವಲ್ಲ.

ಆ ತುಕ್ಕು ಬರುವ ಬಗೆ ಇಲ್ಲಿನ ಹವೆಗೇ ಸೇರಿದ್ದು. ಮಿಷಿಗನ್ನಿನ ಚಳಿಗಾಲದಲ್ಲಿ ರಸ್ತೆಯ ಹಿಮ ಕರಗಿಸಲು ಉಪ್ಪು ಸುರಿಯುತ್ತಾರೆ. ಕಾರಿನ ತಳಕ್ಕೆ ಅಂಟಿದ ಆ ಉಪ್ಪುಹಿಮ ಗ್ಯಾರೇಜಿನಲ್ಲಿ ಕರಗಿ ನೆಲವೆಲ್ಲ ತೇವವಾಗುತ್ತದೆ. ಅದಕ್ಕಿಂತ ಕೆಟ್ಟದ್ದು ಚಳಿ ಇದ್ದಕ್ಕಿದ್ದಂತೆ ಸಡಿಲುವ ದಿನ. ವಾರಗಟ್ಟಲೆ ಕೊರೆದು ತಣ್ಣಗಾದ ನೂರು ಕಿಲೋ ಕಬ್ಬಿಣ ಬೇಗ ಬಿಸಿಯಾಗುವುದಿಲ್ಲ; ಹೊರಗಿನ ಬೆಚ್ಚನೆಯ ತೇವದ ಗಾಳಿ ಒಳಬಂದೊಡನೆ ಮೇಜಿನ ಮೈಯೆಲ್ಲ ಬೆವರುತ್ತದೆ, ಒಂದೇ ರಾತ್ರಿಯಲ್ಲಿ ಕಿತ್ತಳೆ ಬಣ್ಣದ ಪದರ ಕಾಣಿಸಿಕೊಳ್ಳುತ್ತದೆ. ನಮ್ಮ ಕರಾವಳಿಯ ಮನೆಗಳಲ್ಲಿ ಮಳೆಗಾಲದಲ್ಲಿ ಕತ್ತಿ ಹಾರೆಗಳಿಗೆ ಎಣ್ಣೆ ಸವರಿಡುತ್ತಾರಷ್ಟೆ. ಮರಗೆಲಸದ ಮೇಜಿಗೆ ಎಣ್ಣೆ ಆಗದು, ಅದು ಮರಕ್ಕೆ ಅಂಟಿ ಪಾಲಿಶನ್ನು ಕೆಡಿಸುತ್ತದೆ. ತುಕ್ಕು ಸಡಿಲಿಸುವ ಡಬ್ಲ್ಯುಡಿ-40 ಎಂಬ ದ್ರವವನ್ನು ಸಿಂಪಡಿಸಿ, ಒರಟಾದ ಸ್ಕಾಚ್‌ಬ್ರೈಟ್ ಹಾಳೆಯಿಂದ ಒಂದೇ ದಿಕ್ಕಿನಲ್ಲಿ ತಾಳ್ಮೆಯಿಂದ ಉಜ್ಜಿ, ಕೊಳೆಯನ್ನೆಲ್ಲ ಒರೆಸಿ ತೆಗೆದು, ಸಿಲಿಕೋನ್ ಇಲ್ಲದ ಗಟ್ಟಿ ಮೇಣವನ್ನು ತೆಳುವಾಗಿ ಹಚ್ಚಿ ತಿಕ್ಕಿದರೆ ಮೇಜು ಬೂದು ಬಣ್ಣದ ಹೊಳಪಿಗೆ ಬರುತ್ತದೆ, ಹಲಗೆ ಅದರ ಮೇಲೆ ಸಲೀಸಾಗಿ ಜಾರುತ್ತದೆ. ಮೇಣವನ್ನು ಋತುವಿಗೊಮ್ಮೆ ಹೊಸದಾಗಿ ಹಚ್ಚಬೇಕು, ಕೆಲಸವಿಲ್ಲದಾಗ ಮೇಜಿಗೆ ಹೊದಿಕೆ ಇರಬೇಕು.

ಇಷ್ಟೆಲ್ಲ ಮಾಡಿದರೂ ಯಂತ್ರ ಇನ್ನೂ ಸಿದ್ಧವಲ್ಲ. ಗರಗಸದ ಕೆಲಸದ ಗುಣ ನಿಂತಿರುವುದು ಬ್ಲೇಡು ಮೇಜಿನ ಗಾಡಿಗೆ, ಅಂದರೆ ಅದರ ಮೇಲ್ಮೈಯಲ್ಲಿ ಕೊರೆದ ಉದ್ದನೆಯ ತೋಡಿಗೆ, ಸಮಾನಾಂತರವಾಗಿದೆಯೇ ಎಂಬುದರ ಮೇಲೆ. ಮೇಜಿನ ಮೇಲೆ ಬ್ಲೇಡಿನ ಎಡಬಲಗಳಲ್ಲಿ ಮುಕ್ಕಾಲು ಅಂಗುಲ ಅಗಲದ ಎರಡು ಗಾಡಿಗಳನ್ನು ಕೊರೆದಿರುತ್ತಾರೆ. ಅಡ್ಡ ಕೊಯ್ತಕ್ಕೆ ಬಳಸುವ ಮೈಟರ್ ಗೇಜು ಜಾರುವುದು ಅವುಗಳಲ್ಲಿಯೇ. ಇವು ಕಬ್ಬಿಣದಲ್ಲಿಯೇ ಕೊರೆದ ಗೆರೆಗಳಾದ್ದರಿಂದ ಬದಲಾಗುವುದಿಲ್ಲ, ಉಳಿದದ್ದೆಲ್ಲವನ್ನೂ ಇವಕ್ಕೆ ಹೊಂದಿಸಬೇಕು. ಪ್ಲಗ್ಗನ್ನು ಕಿತ್ತು, ಬ್ಲೇಡನ್ನು ಪೂರ್ತಿ ಏರಿಸಿ, ಮುಂಭಾಗದ ಒಂದು ಹಲ್ಲಿಗೆ ಮಾರ್ಕರಿನಿಂದ ಗುರುತು ಹಾಕುತ್ತೇನೆ. ಮೈಟರ್ ಗೇಜಿಗೆ ಬಿಗಿದ ಡಯಲ್ ಗೇಜಿನ (ಸೂಕ್ಷ್ಮ ಅಂತರವನ್ನು ಮುಳ್ಳಿನಿಂದ ತೋರಿಸುವ ಅಳತೆ ಸಾಧನದ) ಮೊನೆಯನ್ನು ಆ ಹಲ್ಲಿನ ಪಕ್ಕದ ಉಕ್ಕಿನ ಮೈಗೆ ತಾಗಿಸಿ, ಮುಳ್ಳನ್ನು ಸೊನ್ನೆಗೆ ತಂದು, ಬ್ಲೇಡನ್ನು ಕೈಯಿಂದ ತಿರುಗಿಸಿ ಅದೇ ಗುರುತನ್ನು ಹಿಂದಕ್ಕೆ ಒಯ್ದು, ಗೇಜನ್ನೂ ಗಾಡಿಯಲ್ಲಿ ಜಾರಿಸಿ ಅಲ್ಲಿ ಮತ್ತೊಮ್ಮೆ ಓದುತ್ತೇನೆ. ಒಂದೇ ಬಿಂದುವನ್ನು ಎರಡು ಕಡೆ ಅಳೆಯುವುದರಿಂದ ಬ್ಲೇಡಿನ ಸೊಟ್ಟ ಲೆಕ್ಕಕ್ಕೆ ಬರುವುದಿಲ್ಲ, ದಂಡದ ದಿಕ್ಕು ಮಾತ್ರ ತಿಳಿಯುತ್ತದೆ. ಎರಡು ಓದುಗಳ ವ್ಯತ್ಯಾಸ ಸುಮಾರು 0.1 ಮಿಲಿಮೀಟರಿನೊಳಗೆ ಬಂದರೆ ಅದು ಒಳ್ಳೆಯ ಹೊಂದಾಣಿಕೆ. ಡಯಲ್ ಗೇಜು ಇಲ್ಲದವರು ಒಳ್ಳೆಯ ಮೂಲೆಮಟ್ಟವೊಂದನ್ನು ಗಾಡಿಗೆ ಒತ್ತಿಹಿಡಿದು, ಅದರ ಪಟ್ಟಿ ಹಲ್ಲನ್ನು ಸವರುವ ಸದ್ದನ್ನು ಮುಂದೆಯೂ ಹಿಂದೆಯೂ ಕೇಳಿ ಹೋಲಿಸಬಹುದು. ಕಿವಿ ಈ ಕೆಲಸದಲ್ಲಿ ನಾವೆಣಿಸುವುದಕ್ಕಿಂತ ಸೂಕ್ಷ್ಮ.

ವ್ಯತ್ಯಾಸ ಹೆಚ್ಚಿದ್ದರೆ ಸರಿಪಡಿಸುವ ಕೆಲಸ ಕಾಂಟ್ರಾಕ್ಟರ್ ಗರಗಸದಲ್ಲಿ ಸ್ವಲ್ಪ ಕಷ್ಟದ್ದು. ಕ್ಯಾಬಿನೆಟ್ ಗರಗಸದಲ್ಲಿ ಯಂತ್ರಭಾಗ ಪೆಟ್ಟಿಗೆಗೆ ಬಿಗಿದಿರುವುದರಿಂದ ಮೇಲಿನ ಮೇಜನ್ನಷ್ಟೆ ಸಡಿಲಿಸಿ ತಿರುಗಿಸಿದರೆ ಸಾಕು. ಇದರಲ್ಲಾದರೋ ಬ್ಲೇಡು, ದಂಡ, ಮೋಟಾರುಗಳನ್ನೆಲ್ಲ ಹೊತ್ತ ಟ್ರನಿಯನ್ ಎಂಬ ಬೀಡು ಕಬ್ಬಿಣದ ಭಾಗ ಮೇಜಿನ ಅಡಿಗೇ ತೂಗುಬಿದ್ದಿರುತ್ತದೆ; ಕೆಳಗೆ ತಲೆ ತೂರಿಸಿ, ಹಿಂಬದಿಯ ಬೋಲ್ಟುಗಳನ್ನು ಸಡಿಲಿಸಿ, ಮುಂದಿನವುಗಳಲ್ಲಿ ಒಂದನ್ನು ತುಸು ಬಿಗಿಯಾಗಿಯೇ ಉಳಿಸಿಕೊಂಡು, ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿ ಸರಿಸಬೇಕು. ಬೋಲ್ಟನ್ನು ಪುನಃ ಬಿಗಿಯುವಾಗ ಭಾಗ ಕೂದಲೆಳೆಯಷ್ಟು ಸರಿದುಬಿಡುತ್ತದೆ, ಆದ್ದರಿಂದ ಬಿಗಿದ ಮೇಲಿನ ಓದೇ ನಿಜವಾದ ಓದು. ಹಿಂಬದಿಯ ಬೋಲ್ಟುಗಳ ಜಾಗದಲ್ಲಿ ಕೂರಿಸಿ ತಿರುಪಿನಿಂದ ಸರಿಸಬಹುದಾದ ಪುಟ್ಟ ಜೋಡಣೆಗಳು ಅಂಗಡಿಯಲ್ಲಿ ಸಿಗುತ್ತವೆ. ಈ ಬಗೆಯ ಗರಗಸಕ್ಕೆ ಅವುಗಳಿಗಿಂತ ಸಾರ್ಥಕವಾದ ಖರ್ಚು ಮತ್ತೊಂದಿಲ್ಲ ಎಂದೇ ನನ್ನ ಅಭಿಪ್ರಾಯ. ಬ್ಲೇಡನ್ನು 45 ಡಿಗ್ರಿಗೆ ಓರೆಮಾಡಿಯೂ ಇದೇ ಪರೀಕ್ಷೆಯನ್ನು ನಡೆಸಬೇಕು. ನೆಟ್ಟಗಿರುವಾಗ ಸರಿಯಿದ್ದು ಓರೆಯಾದಾಗ ತಪ್ಪಿದರೆ ಟ್ರನಿಯನ್ನಿಗೂ ಮೇಜಿಗೂ ನಡುವೆ ತೆಳುವಾದ ಲೋಹದ ಬಿಲ್ಲೆ ಇಟ್ಟು ಸರಿದೂಗಿಸುತ್ತಾರೆ.

ಲಂಬಕೋನವನ್ನು ನೋಡುವ ಉಪಾಯ ಇನ್ನೂ ಸೊಗಸಾದದ್ದು. ಒಂದು ಹಲಗೆಯನ್ನು ಅಡ್ಡವಾಗಿ ಕೊಯ್ದು, ಒಂದು ತುಂಡನ್ನು ಮಗುಚಿ, ಕೊಯ್ದ ಮುಖಗಳೆರಡನ್ನೂ ಕೂಡಿಸಿ ಹಿಡಿದರೆ, ತಪ್ಪಿನ ಎರಡರಷ್ಟು ಸಂದು ಕಣ್ಣಿಗೆ ಬೀಳುತ್ತದೆ. ಬೆಳಕು ತೂರದೆ ಕೂಡಿಕೊಂಡಿತೆಂದರೆ ಬೇರೆ ಅಳತೆಯ ಅಗತ್ಯವೇ ಇಲ್ಲ. ಉದ್ದಕ್ಕೆ ಸೀಳುವಾಗ ಹಲಗೆಗೆ ಆಸರೆಯಾಗುವ ಫೆನ್ಸನ್ನೂ ಇದೇ ಗಾಡಿಗೆ ಸಮಾನಾಂತರವಾಗಿ ಹೊಂದಿಸಬೇಕು. ಅದರ ಹಿಂತುದಿ ಬ್ಲೇಡಿನಿಂದ ಕೂದಲೆಳೆಯಷ್ಟು ಹೊರಸರಿದಿದ್ದರೂ ಆದೀತು, ಬ್ಲೇಡಿನತ್ತ ವಾಲಿರಕೂಡದು. ಹಳೆಯ ಯಂತ್ರಗಳ ಮೂಲ ಫೆನ್ಸುಗಳು ಬಿಗಿಯುವಾಗ ಸೊಟ್ಟಗಾಗುವುದು ಹೆಚ್ಚು. ಬೀಸ್‌ಮೇಯರ್ ಹೆಸರಿನ ಟಿ ಆಕಾರದ ಫೆನ್ಸು ಬಂದಮೇಲೆ ಆ ತಾಪತ್ರಯ ತಪ್ಪಿತು, ಈಗ ಆ ವಿನ್ಯಾಸದವನ್ನು ಹಲವರು ತಯಾರಿಸುತ್ತಾರೆ, ನಾನೂ ಅಂಥದನ್ನೇ ಹಾಕಿಸಿಕೊಂಡಿದ್ದೇನೆ. ಬಹುಕಾಲ ನಿಂತಲ್ಲೇ ನಿಂತು ಆಕಾರಗೆಟ್ಟ ವಿ-ಬೆಲ್ಟನ್ನು ಕೊಂಡಿಗಳ ಬೆಲ್ಟಿಗೆ ಬದಲಿಸಿ, ಎರಡು ರಾಟೆಗಳನ್ನು ಅಳತೆಪಟ್ಟಿಯ ನೆರವಿನಿಂದ ಒಂದೇ ಸಾಲಿಗೆ ತಂದರೆ ಅದುರುವಿಕೆ ಬಹುಪಾಲು ಅಡಗುತ್ತದೆ. ಐದು ಸೆಂಟಿನ ನಾಣ್ಯವನ್ನು ಮೇಜಿನ ಮೇಲೆ ಅಂಚಿನಲ್ಲಿ ನಿಲ್ಲಿಸಿ ಯಂತ್ರವನ್ನು ಚಾಲೂ ಮಾಡುವುದು ಇಲ್ಲಿನ ಮರಗೆಲಸದವರ ನೆಚ್ಚಿನ ಪರೀಕ್ಷೆ. ನಾಣ್ಯ ಬೀಳದಿದ್ದರೆ ಗರಗಸ ಚೆನ್ನಾಗಿದೆ ಎಂದರ್ಥ.

ವಿದ್ಯುತ್ತಿನ ವಿಷಯ ಊರಿನವರಿಗೆ ವಿಚಿತ್ರವೆನಿಸಬಹುದು. ಇಲ್ಲಿ ಮನೆಯ ಸಾಮಾನ್ಯ ಸಾಕೆಟ್ಟು 120 ವೋಲ್ಟಿನದು, ಆದ್ದರಿಂದ ಅಷ್ಟೇ ಶಕ್ತಿಗೆ ನಮ್ಮಲ್ಲಿಯ ಸುಮಾರು ಎರಡರಷ್ಟು ಕರೆಂಟು ಹರಿಯಬೇಕು. ಒಂದೂವರೆ ಅಶ್ವಶಕ್ತಿಯ ಮೋಟಾರು ಪೂರ್ಣ ಹೊರೆಯಲ್ಲಿ 15 ಆಂಪಿಯರ್ ಆಸುಪಾಸಿಗೆ ಹೋಗುವುದರಿಂದ, ದೀಪ, ಬಾಗಿಲ ಮೋಟಾರುಗಳೊಂದಿಗೆ ಅದನ್ನು ಒಂದೇ ತಂತಿಗೆ ಹಾಕಿದರೆ ಬ್ರೇಕರು ಬೀಳುವುದು ಖಂಡಿತ. ಅದಕ್ಕೆಂದೇ 12 ಗೇಜ್ ದಪ್ಪದ ತಂತಿಯಲ್ಲಿ 20 ಆಂಪಿಯರಿನ ಪ್ರತ್ಯೇಕ ಸರ್ಕ್ಯೂಟನ್ನು ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ನಿಂದ ಎಳೆಸಿದೆ. ಹಳೆಯ ಸ್ವಿಚ್ಚಿನ ಜಾಗಕ್ಕೆ ಮ್ಯಾಗ್ನೆಟಿಕ್ ಸ್ವಿಚ್ ಹಾಕಿದ್ದೂ ಅಷ್ಟೇ ಮುಖ್ಯ: ಕರೆಂಟು ಹೋಗಿ ಬಂದಾಗ ಬ್ಲೇಡು ತಾನಾಗಿ ತಿರುಗತೊಡಗುವುದಿಲ್ಲ.

ಹಳೆಯ ಯಂತ್ರದ ನಿಜವಾದ ಕೊರತೆ ಇರುವುದು ಸುರಕ್ಷತೆಯಲ್ಲಿ, ಇದನ್ನು ನಾನು ಒತ್ತಿ ಹೇಳಬೇಕು. ಹತ್ತು ಅಂಗುಲದ ಬ್ಲೇಡು ನಿಮಿಷಕ್ಕೆ 4,000 ಸುತ್ತು ತಿರುಗಿದರೆ ಅದರ ಹಲ್ಲುಗಳ ವೇಗ ಗಂಟೆಗೆ ಸುಮಾರು 190 ಕಿಲೋಮೀಟರ್. ಸೀಳುತ್ತಿರುವ ಮರದೊಳಗಿನ ಬಿಗುವು ಬಿಚ್ಚಿಕೊಂಡು ಸೀಳು ಕೂಡಿದರೆ, ಅಥವಾ ಹಲಗೆ ಫೆನ್ಸಿನಿಂದ ಓರೆಯಾಗಿ ಸರಿದರೆ, ಬ್ಲೇಡಿನ ಹಿಂಬದಿಯಲ್ಲಿ ಮೇಲೇರುತ್ತಿರುವ ಹಲ್ಲುಗಳು ಹಲಗೆಯನ್ನು ಹಿಡಿದೆತ್ತಿ ಕೆಲಸಗಾರನತ್ತ ಎಸೆಯುತ್ತವೆ. ಕಿಕ್‌ಬ್ಯಾಕ್ ಎನ್ನುವ ಈ ಅಪಾಯವನ್ನು ತಡೆಯುವುದು ಬ್ಲೇಡಿನ ಹಿಂದೆಯೇ ನಿಂತು, ಅದರೊಂದಿಗೇ ಏರಿಳಿದು, ಸೀಳನ್ನು ತೆರೆದೇ ಇಡುವ ರೈವಿಂಗ್ ನೈಫ್ ಎಂಬ ಉಕ್ಕಿನ ಪಟ್ಟಿ. ನನ್ನ ಗರಗಸದಲ್ಲಿ ಅದು ಇರಲಿಲ್ಲ. ಅದರ ಬದಲು ಬ್ಲೇಡಿನ ಸುತ್ತ ಕೂರುವ ಪ್ಲೇಟನ್ನು ಪ್ಲೈವುಡ್ಡಿನಿಂದ ಹೊಸದಾಗಿ ಮಾಡಿ, ಗಟ್ಟಿಯಾಗಿ ಒತ್ತಿಹಿಡಿದು, ತಿರುಗುವ ಬ್ಲೇಡನ್ನು ನಿಧಾನವಾಗಿ ಮೇಲೇರಿಸಿ ಸೀಳನ್ನು ಬ್ಲೇಡಿನಷ್ಟೇ ಅಗಲಕ್ಕೆ ಕೊಯ್ದುಕೊಂಡು, ಆ ಸೀಳಿನ ಹಿಂಬದಿಯಲ್ಲಿ ಬ್ಲೇಡಿನ ಕೊಯ್ತಕ್ಕಿಂತ ತುಸು ತೆಳುವಾದ ಪಟ್ಟಿಯನ್ನು ನಿಲ್ಲಿಸಿದ್ದೇನೆ. ಇದಿಲ್ಲದೆ ಒಂದು ಹಲಗೆಯನ್ನೂ ಸೀಳಬಾರದು. ಸೀಳುವಾಗ ಬ್ಲೇಡಿನ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ನಿಲ್ಲಬೇಕು, ಕೊನೆಯ ಗೇಣನ್ನು ಕೈಯಿಂದ ತಳ್ಳದೆ ಮರದ ತುಂಡಿನಿಂದ ತಳ್ಳಬೇಕು, ಕೈಗವಸು ಧರಿಸಕೂಡದು.

ಬೆರಳು ತಾಗಿದೊಡನೆ ವಿದ್ಯುತ್ ಸಂಕೇತದ ಬದಲಾವಣೆಯನ್ನು ಗ್ರಹಿಸಿ, ಅಲ್ಯುಮಿನಿಯಂ ಬ್ರೇಕನ್ನು ಬ್ಲೇಡಿಗೆ ನುಗ್ಗಿಸಿ, ಸುಮಾರು ಐದು ಮಿಲಿಸೆಕೆಂಡುಗಳಲ್ಲಿ ಅದನ್ನು ನಿಲ್ಲಿಸುವ ಸಾಸ್ಟಾಪ್ ಯಂತ್ರಗಳು ಇಲ್ಲಿ 2004ರಿಂದ ಮಾರಾಟದಲ್ಲಿವೆ. ದಿನವಿಡೀ ಗರಗಸದ ಮುಂದೆ ನಿಲ್ಲುವವರಿಗೆ, ಮಕ್ಕಳು ಕಲಿಯುವ ಶಾಲೆಯ ಕಾರ್ಯಾಗಾರಗಳಿಗೆ ಹಳೆಯ ಯಂತ್ರವನ್ನು ನಾನು ಎಂದಿಗೂ ಸೂಚಿಸಲಾರೆ. ಹಣ ಕೂಡಿಸಿಯಾದರೂ ಅಂಥದನ್ನೇ ಕೊಳ್ಳಬೇಕು. ಮರದ ಹುಡಿಯೂ ಸಣ್ಣ ವಿಷಯವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು 1995ರಲ್ಲಿಯೇ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಕಾಂಟ್ರಾಕ್ಟರ್ ಗರಗಸದ ಹಿಂಬದಿ ತೆರೆದೇ ಇರುವುದರಿಂದ ಅದನ್ನು ಹಲಗೆಯಿಂದ ಮುಚ್ಚಿ, ಕೆಳಗೆ ನಾಲ್ಕು ಅಂಗುಲದ ಕೊಳವೆ ಜೋಡಿಸಿ ಹುಡಿಯನ್ನು ಎಳೆದುಕೊಳ್ಳಬೇಕು, ಅದರ ಮೇಲೆ ಮುಖವಾಡವನ್ನೂ ಧರಿಸಬೇಕು.

ಬೆಂಗಳೂರಿನಲ್ಲಿ ಒಳಾಂಗಣ ಕೆಲಸ ನಡೆಯುವ ಮನೆಗಳಲ್ಲಿ, ಕೈಯಲ್ಲಿ ಹಿಡಿಯುವ ಕಟರನ್ನು ಪ್ಲೈವುಡ್ ಹಲಗೆಯ ಅಡಿಗೆ ತಲೆಕೆಳಗಾಗಿ ಬಿಗಿದು, ಕಾವಲೂ ಇಲ್ಲದೆ, ಹಿಂಬದಿಯ ಪಟ್ಟಿಯೂ ಇಲ್ಲದೆ ಕೊಯ್ಯುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ನಮ್ಮ ಆಚಾರಿಗಳ ಕೈಚಳಕಕ್ಕೆ ಕೊರತೆಯಿಲ್ಲ, ಅವರ ಬೆರಳುಗಳಿಗೆ ಕಾವಲಿಲ್ಲ. ಕೆಲಸ ಮಾಡಿಸುವ ನಾವು ಒಂದು ತಳ್ಳುಗಟ್ಟಿಗೆ, ಒಂದು ಸೀಳುಪಟ್ಟಿ, ಒಂದು ಮುಖವಾಡವನ್ನು ಕೇಳಿ ಕೊಡಿಸಿದರೆ ಆಗುವ ಖರ್ಚು ಒಂದು ಹಾಳೆ ಪ್ಲೈವುಡ್ಡಿಗೂ ಕಡಿಮೆ. ಇನ್ನು ಇಲ್ಲಿಂದ ಇಂಥ ಯಂತ್ರವನ್ನು ಊರಿಗೆ ಸಾಗಿಸಬಹುದೇ ಎಂದು ಗೆಳೆಯರು ಕೇಳುವುದುಂಟು. ಇಲ್ಲಿನ 60 ಹರ್ಟ್ಸಿನ ಮೋಟಾರು ನಮ್ಮ 50 ಹರ್ಟ್ಸಿನಲ್ಲಿ ಆರರಲ್ಲಿ ಐದು ಪಾಲು ವೇಗದಲ್ಲಷ್ಟೆ ತಿರುಗಿ ಹೆಚ್ಚು ಬಿಸಿಯಾಗುತ್ತದೆ, ವೋಲ್ಟೇಜೂ ಬೇರೆ. ಮೋಟಾರನ್ನು ಇಲ್ಲಿಯೇ ಬಿಟ್ಟು ಊರಿನಲ್ಲಿ ಹೊಸದನ್ನು ಹಾಕಿಸಿ, ರಾಟೆಯ ಅಳತೆಯನ್ನು ಅದಕ್ಕೆ ತಕ್ಕಂತೆ ಬದಲಿಸಬೇಕಾಗುತ್ತದೆ. ಹಡಗಿನ ಬಾಡಿಗೆಯನ್ನೂ ಸೇರಿಸಿ ನೋಡಿದರೆ ಅದು ಲಾಭದ ವ್ಯವಹಾರವಲ್ಲ. ಅದಕ್ಕಿಂತ ಊರಿನಲ್ಲಿಯೇ ಬೀಡು ಕಬ್ಬಿಣದ ಮೇಜಿನ ಹಳೆಯ ಯಂತ್ರವೊಂದನ್ನು ಹುಡುಕಿಕೊಂಡು, ಡಯಲ್ ಗೇಜೊಂದನ್ನು ಕೊಂಡು, ಮೊದಲ ಹಲಗೆ ಕೊಯ್ಯುವ ಮುಂಚೆ ಗಾಡಿಯಿಂದ ಅಳೆಯತೊಡಗಿರಿ.